ಕಾಕಾನ ಮೂಗು ಮತ್ತು ತಲೆಗೇರಿದ ಕೊಬ್ಬು

ನಮ್ಮೂರು ಗುಡಗೇರಿ ಅಂದ್ರೆ ಬಹಳ ಮಂದಿಗೆ ಗೊತ್ತಿರಲಿಕ್ಕಿಲ್ಲ. ಹುಬ್ಬಳ್ಳಿಯಿಂದ ಬೆಂಗಳೂರಿನ ಕಡೆ ರೈಲಿನಲ್ಲಿ ಹೊರಟರೆ ಕುಂದಗೋಳ, ಸಂಶಿ ದಾಟಿದ ಮೇಲೆ ಕಿಟಕಿಯಲ್ಲಿ ಒಂದು ಹಳದಿ ಬೋರ್ಡು ಸರ್ರನೆ ಹಿಂದೆ ಹೋಗುತ್ತದಲ್ಲ, ಅದೇ. ಆ ಊರಲ್ಲಿ 2022ರ ಕಾರಹುಣ್ಣಿಮೆ ಹೊತ್ತಿಗೆ ಒಂದು ಸುದ್ದಿ ಹಬ್ಬಿತು. ನಮ್ಮ ಕಾಕಾನ ತಲೆಯೊಳಗೆ ಗಡ್ಡೆ ಆಗಿದೆ, ಅದನ್ನು ಮೂಗಿನೊಳಗಿಂದ ತೆಗೀತಾರಂತೆ ಅಂತ.

ಗಡ್ಡೆಗಿಂತ ಮೂಗೇ ದೊಡ್ಡ ಸುದ್ದಿಯಾಯಿತು. ಯಾಕಂದ್ರೆ ಕಾಕಾನ ನಶ್ಯದ ಡಬ್ಬಿ ಊರಿಗೆಲ್ಲ ಪರಿಚಯ. "ನಲವತ್ತು ವರ್ಷ ಏರಿಸಿದ ನಶ್ಯ ಎಲ್ಲಾ ಒಳಗ ಗಟ್ಟಿ ಆಗಿ ಕುಂತೈತಿ" ಅಂತ ಕಟ್ಟೆಯ ಮೇಲೆ ಎಂಆರ್‌ಐ ಇಲ್ಲದೇ ರೋಗನಿರ್ಣಯ ಆಗಿಹೋಯಿತು :-) ಡಾಕ್ಟರನ್ನು ಕೇಳಿದರೆ ನಕ್ಕು, ನಶ್ಯಕ್ಕೂ ಇದಕ್ಕೂ ಸಂಬಂಧವಿಲ್ಲ ಅಂದರು.

ಶುರುವಾಗಿದ್ದು ಕಣ್ಣಿನಿಂದ. ಒಂದೇ ವರ್ಷದಲ್ಲಿ ಎರಡು ಸಲ ಚಾಳೀಸು ಬದಲಾಯಿತು. ಆದರೂ ಬಾಗಿಲ ಚೌಕಟ್ಟಿಗೆ ಭುಜ ಬಡಿಯೋದು, ಬದಿಯಿಂದ ಬಂದ ಬೈಕು ಮೈಮೇಲೆ ಬರೋವರೆಗೂ ಕಾಣದೇ ಇರೋದು. ಒಂದು ಸಂಜೆ ಟ್ರಾಕ್ಟರಿನ ಗಾಲಿ ಬದುವಿನ ಮೇಲೆ ಹತ್ತಿ, ಪಕ್ಕದಲ್ಲಿ ನಿಂತಿದ್ದ ಆಳುಮಗ ಹಾರಿ ಉಳಿದುಕೊಂಡ. ಆವತ್ತು ಕಾಕಾ ಉಂಡಿರಲಿಲ್ಲ. ಹುಬ್ಬಳ್ಳಿಯಲ್ಲಿ ಕಣ್ಣಿನ ಡಾಕ್ಟರೊಬ್ಬರು ಒಂದು ಕಣ್ಣು ಮುಚ್ಚಿಸಿ "ನನ್ನ ಮೂಗು ನೋಡ್ರಿ, ಮುಖ ಪೂರಾ ಕಾಣತೈತೇನು?" ಅಂತ ಕೇಳಿದರು. ಅರ್ಧ ಮುಖ ಇರಲಿಲ್ಲ. ಬಟ್ಟಲಿನಂಥ ಯಂತ್ರದೊಳಗೆ ಮುಖ ಇಟ್ಟು, ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಗುಂಡಿ ಒತ್ತುವ ಪರೀಕ್ಷೆ ಮಾಡಿದಾಗ ಬಲಗಣ್ಣಿಗೆ ಬಲಭಾಗ, ಎಡಗಣ್ಣಿಗೆ ಎಡಭಾಗ ಕಪ್ಪು. ಜಟಕಾ ಕುದುರೆಯ ಕಣ್ಣಿಗೆ ಎರಡೂ ಕಡೆ ಪಟ್ಟಿ ಕಟ್ಟಿದ ಹಾಗೆ.

ಕುದುರೆ ಅಂದಾಗ ನೆನಪಾಯಿತು. ನಮ್ಮ ಪಿಟ್ಯುಟರಿ ಗ್ರಂಥಿ ಇರೋದು ಬಟಾಣಿ ಕಾಳಿನಷ್ಟು. ಅದು ಕೂರುವ ಎಲುಬಿನ ಗುಣಿಗೆ ವೈದ್ಯರು ಇಟ್ಟ ಲ್ಯಾಟಿನ್ ಹೆಸರಿನ ಅರ್ಥ 'ಟರ್ಕಿಯ ಜೀನು'! ಅದರ ನೆತ್ತಿಯ ಮೇಲೇ ಎರಡೂ ಕಣ್ಣಿನ ನರಗಳು ಬಂದು ಕತ್ತರಿ ಹಾಕಿಕೊಳ್ಳುತ್ತವೆ. ಕೆಳಗಿನಿಂದ ಗಡ್ಡೆ ಬೆಳೆದು ಆ ಕತ್ತರಿಯ ನಡುವೆ ಒತ್ತಿದರೆ ಹೊರಬದಿಯ ನೋಟ ಹೋಗುತ್ತದೆ. ಕಾಕಾನದು ಮೂರು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಇಂಥವು ಬಹುತೇಕ ಕ್ಯಾನ್ಸರ್ ಅಲ್ಲ ಅಂತ ಡಾಕ್ಟರು ಎರಡೆರಡು ಸಲ ಹೇಳಿದರು, ಕಾಕು ಎರಡು ಸಲವೂ ನಂಬಲಿಲ್ಲ.

ಚಾಕು ಹಿಡಿಯೋ ಮೊದಲು ರಕ್ತ ಪರೀಕ್ಷೆ. ಪ್ರೊಲ್ಯಾಕ್ಟಿನ್ ಅನ್ನೋ ಹಾರ್ಮೋನು ವಿಪರೀತ ಸುರಿಸುವ ಗಡ್ಡೆಯಾದರೆ ಕ್ಯಾಬರ್ಗೋಲಿನ್ ಮಾತ್ರೆಗೇ ಕುಗ್ಗುತ್ತದಂತೆ, ಆಪರೇಷನ್ನೇ ಬೇಕಾಗದೆ ಇರಬಹುದು. ಎರಡು ದಿನ ಎಲ್ಲರೂ ಆ ಹಾರ್ಮೋನಿಗೆ ಹರಕೆ ಹೊತ್ತೆವು. ಬಂದದ್ದು ತುಸು ಮಾತ್ರ ಹೆಚ್ಚು. ಗ್ರಂಥಿಯ ದೇಟು ಒತ್ತಿದ್ದಕ್ಕೆ ಅಷ್ಟು ಏರುತ್ತದೆ, ಇದು ಆ ಜಾತಿಯದಲ್ಲ ಅಂದರು.

ನಿಮ್ಹಾನ್ಸ್‌ಗೆ ಬರೆದುಕೊಟ್ಟಾಗ ಕಾಕು ಅಳೋಕೆ ಶುರು ಮಾಡಿದಳು. "ಹುಚ್ಚರ ದವಾಖಾನಿಗೆ ಯಾಕ?" ಹಳೆಯ ಮಾನಸಿಕ ಆಸ್ಪತ್ರೆಯೂ ಸೇರಿಕೊಂಡೇ 1974ರಲ್ಲಿ ನಿಮ್ಹಾನ್ಸ್ ಆಗಿದ್ದು, ಅಲ್ಲಿ ನರಗಳ ಶಸ್ತ್ರಚಿಕಿತ್ಸೆಯ ದೊಡ್ಡ ವಿಭಾಗವೇ ಇದೆ ಅಂತ ತಿಳಿಸಿ ಹೇಳುವಷ್ಟರಲ್ಲಿ ಸಾಕಾಯಿತು. ಊರಿಗೆ ಮಾತ್ರ "ಬೆಂಗಳೂರಾಗ ಕಣ್ಣಿನ ಆಪರೇಷನ್" ಅಂತಲೇ ಹೇಳಿ ಹೊರಟಳು.

ವಾರ್ಡಿನ ಹೊರಗೆ ಕೂತು ನಾನು ಮೊಬೈಲಿನಲ್ಲಿ ಓದಿದ್ದೇ ಓದಿದ್ದು. ಮೂಗಿನ ಮೂಲಕ ಮೊದಲು ಇಂಥ ಗಡ್ಡೆ ತೆಗೆದದ್ದು 1907ರಲ್ಲಿ, ಆಸ್ಟ್ರಿಯಾದ ಹರ್ಮನ್ ಶ್ಲೋಫರ್. ಆಗ ಮೂಗನ್ನೇ ಕೊಯ್ದು ಪಕ್ಕಕ್ಕೆ ಮಡಚುತ್ತಿದ್ದರಂತೆ! ಅಮೆರಿಕದ ಹಾರ್ವಿ ಕುಶಿಂಗ್ ತುಟಿಯ ಒಳಗಿನಿಂದ ದಾರಿ ಮಾಡಿ ನೂರಾರು ಮಂದಿಗೆ ಮಾಡಿದರು, ಆಮೇಲೆ ತಾವೇ ಅದನ್ನು ಬಿಟ್ಟು ತಲೆಬುರುಡೆ ತೆರೆಯೋದಕ್ಕೆ ಮರಳಿದರು. ದೊಡ್ಡವರು ಬಿಟ್ಟರೆ ಉಳಿದವರೂ ಬಿಟ್ಟರು. ಎಡಿನ್‌ಬರೋದ ನಾರ್ಮನ್ ಡಾಟ್ ಮಾತ್ರ ಕುಶಿಂಗರಿಂದ ಕಲಿತದ್ದನ್ನು ಬಿಡಲಿಲ್ಲ. ಅವರಿಂದ ಪ್ಯಾರಿಸ್ಸಿನ ಗಿಯೋ, ಗಿಯೋರಿಂದ ಮಾಂಟ್ರಿಯಲ್ಲಿನ ಜೂಲ್ಸ್ ಹಾರ್ಡಿ. ಹಾರ್ಡಿ 1960ರ ದಶಕದಲ್ಲಿ ಮೈಕ್ರೋಸ್ಕೋಪು ತಂದರು. 1990ರ ದಶಕದಲ್ಲಿ ಎಂಡೋಸ್ಕೋಪು ಬಂತು. ಘರಾನೆಯ ವಿದ್ಯೆ ಒಬ್ಬ ಶಿಷ್ಯನ ಕೊರಳಲ್ಲಿ ಉಳಿದುಕೊಳ್ಳೋದು ಸವಾಯಿ ಗಂಧರ್ವರ ಕುಂದಗೋಳದವರಿಗೆ ಹೊಸದಲ್ಲ ಬಿಡಿ.

ಎಂಡೋಸ್ಕೋಪು ಅಂದ್ರೆ ನಾಲ್ಕು ಮಿಲಿಮೀಟರಿನ ಕೊಳವೆ, ತುದಿಯಲ್ಲಿ ಬೆಳಕು, ನೋಟ ಟಿವಿ ಪರದೆಯ ಮೇಲೆ. ಒಬ್ಬರು ಅದನ್ನು ಹಿಡಿದರೆ ಇನ್ನೊಬ್ಬರು ಕೆಲಸ ಮಾಡುತ್ತಾರೆ. ಮೂಗಿನ ಹಿಂದೆ ಗಾಳಿ ತುಂಬಿದ ಒಂದು ಎಲುಬಿನ ಕೋಣೆ, ಅದರ ಹಿಂಗೋಡೆ ಕೊರೆದರೆ ಆ ಜೀನು. ಎಡಬಲಕ್ಕೆ ಮಿದುಳಿಗೆ ರಕ್ತ ಒಯ್ಯುವ ದೊಡ್ಡ ರಕ್ತನಾಳಗಳು. ಸಹಿ ಮಾಡಿಸುವಾಗ ಡಾಕ್ಟರು ಎಲ್ಲವನ್ನೂ ಹೇಳಿದರು: ರಕ್ತನಾಳಕ್ಕೆ ತಾಗಬಹುದು, ಕಣ್ಣು ಇನ್ನೂ ಕೆಡಬಹುದು, ಮಿದುಳಿನ ನೀರು ಮೂಗಿನಿಂದ ಸೋರಬಹುದು. ಕಾಕಾ ಒಂದೇ ಪ್ರಶ್ನೆ ಕೇಳಿದ, "ಬಿಟ್ಟರ?" ಬಿಟ್ಟರೆ ಪೂರ್ತಿ ಕುರುಡು ಆಗಬಹುದು ಅಂದರು. ಪೆನ್ನು ಈಸಿಕೊಂಡ.

ನಾಲ್ಕು ತಾಸು. ಆ ನಾಲ್ಕು ತಾಸಿನ ಬಗ್ಗೆ ಬರೆಯೋದಕ್ಕೆ ಏನೂ ಇಲ್ಲ, ಬೆಂಚು, ಗೋಡೆ ಗಡಿಯಾರ, ಅಷ್ಟೇ.

ಸೋರಿಕೆ ತಡೆಯೋಕೆ ಹೊಟ್ಟೆಯಿಂದ ಚೂರು ಕೊಬ್ಬು ತೆಗೆದು ಒಳಗೆ ತುಂಬಿ, ಮೂಗಿನ ನಡುಗೋಡೆಯದೇ ಪದರು ಹೊಚ್ಚಿದ್ದರು. ಎಚ್ಚರಾಗಿ ವಿಷಯ ತಿಳಿದ ಮೇಲೆ ಕಾಕಾ ಮೂಗಿಗೆ ಅರಳೆ ತುಂಬಿಕೊಂಡೇ ಅಂದ, "ಮಂದಿ ಸುಮ್ನ ಅಂತಿದ್ರು, ಈಗ ಖರೇನ ನನಗ ಕೊಬ್ಬು ತಲಿಗೇರೇತಿ ನೋಡು." ನರ್ಸಮ್ಮ ಬಿದ್ದು ಬಿದ್ದು ನಕ್ಕರು.

ಆಮೇಲಿನ ದಿನಗಳೇ ಕಷ್ಟ. ಮೂತ್ರವನ್ನು ಅಳೆದು ಬರೆದಿಡಬೇಕು. ನೀರು ಹಿಡಿದಿಡುವ ಹಾರ್ಮೋನು ಕೈಕೊಟ್ಟರೆ ಕೊಡಗಟ್ಟಲೆ ನೀರಡಿಕೆ. ಕಾಕಾನಿಗೆ ಮೂರು ದಿನ ಹಾಗೇ ಆಯಿತು, ತಾನೇ ಇಳಿಯಿತು. ಗಂಟಲಿಗೆ ಉಪ್ಪುಪ್ಪು ನೀರು ಇಳಿದರೆ ಕೂಡಲೇ ಹೇಳಬೇಕು. ವಾರಗಟ್ಟಲೆ ಮೂಗು ಸೀಟುವಂತಿಲ್ಲ, ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ನಶ್ಯ? ಡಬ್ಬಿಯಲ್ಲಿ ಈಗ ಕಾಕು ಏಲಕ್ಕಿ ಇಟ್ಟಿದ್ದಾಳೆ.

ಬಲಗಣ್ಣಿನ ನೋಟ ಬಹಳಷ್ಟು ಮರಳಿದೆ. ಎಡಗಣ್ಣಿನ ಮೇಲ್ಬದಿ ಇನ್ನೂ ಮಬ್ಬು. ರಕ್ತನಾಳಕ್ಕೆ ಅಂಟಿಕೊಂಡಿದ್ದ ಒಂದು ಚೂರನ್ನು ಬೇಕಂತಲೇ ಬಿಟ್ಟಿದ್ದಾರೆ, ಅದಕ್ಕೆ ವರ್ಷಕ್ಕೊಮ್ಮೆ ಎಂಆರ್‌ಐ. ದಿನಾ ಬೆಳಿಗ್ಗೆ ಹೈಡ್ರೋಕಾರ್ಟಿಸೋನ್ ಮಾತ್ರೆ. ಜ್ವರ ಬಂದರೆ ಎರಡು ಪಟ್ಟು, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ತಡಮಾಡದೆ ಇಂಜೆಕ್ಷನ್. ಈ ಮಾತನ್ನು ಕಾಕು ಕ್ಯಾಲೆಂಡರಿನ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆಸಿ, ದೇವರ ಮನೆ ಪಕ್ಕ ತೂಗುಹಾಕಿದ್ದಾಳೆ. ಕ್ಯಾಲೆಂಡರು ಬದಲಾದಾಗಲೆಲ್ಲ ಅದನ್ನು ಮತ್ತೆ ಬರೆಯೋದು ನನ್ನ ಕೆಲಸ.

ಟ್ರಾಕ್ಟರಿನ ಕೀಲಿ ತಮ್ಮನ ಹತ್ತಿರ ಇದೆ. ಕಾಕಾ ದಿನಾ ಕೇಳ್ತಾನೆ, ಅವನು ಕೊಡೋದಿಲ್ಲ.