ಗ್ರಾಫಿಕ್ಸ್ ಕಾರ್ಡೂ ನಮ್ಮೂರ ಬೇಸಿಗೆಯೂ

ರಾಯಚೂರಿನ ಬೇಸಿಗೆಯನ್ನು ಕುರಿತು ನಾವು ಹೊಸದಾಗಿ ಹೇಳಬೇಕಾದುದೇನೂ ಇಲ್ಲ. ಬಿಸಿಲು ೪೦ ಡಿಗ್ರಿಯನ್ನು ದಾಟಿದ ದಿನಗಳಲ್ಲಿ ಮಂಚ, ಗೋಡೆ, ಕುಡಿಯುವ ನೀರಿನ ತಂಬಿಗೆ ಎಲ್ಲವೂ ಬೆಚ್ಚಗಾಗಿರುವುವು. ಮನುಷ್ಯರಾದ ನಾವು ಹೇಗೋ ಹೊಂದಿಕೊಂಡು ಬಂದಿದ್ದೇವೆ. ಆದರೆ ಇದೇ ಬೇಸಿಗೆಯು ಮನೆಯೊಳಗಿನ ಒಂದು ಯಂತ್ರದ ಪ್ರಾಣಕ್ಕೆ ಎರವಾಗಬಹುದೆಂಬುದು ೨೦೨೪ನೆಯ ಇಸವಿಯ ಏಪ್ರಿಲ್ ತಿಂಗಳಿನವರೆಗೆ ನಮ್ಮ ಲಕ್ಷ್ಯಕ್ಕೆ ಬಂದಿರಲಿಲ್ಲ.

ನಮ್ಮ ಅಣ್ಣನವರು ತೀರಿಕೊಂಡ ಬಳಿಕ ಅವರ ಮಕ್ಕಳಿಬ್ಬರೂ ನಮ್ಮಲ್ಲಿಯೇ ಬೆಳೆದರು. ಹಿರಿಯಳು ಜರ್ಮನಿಯಲ್ಲಿ ಉದ್ಯೋಗದಲ್ಲಿರುವಳು. ಕಿರಿಯವನು ಇಲ್ಲಿಯೇ ಇಂಜಿನಿಯರಿಂಗ್ ಓದುತ್ತಿರುವನು. ಅಕ್ಕ ತಮ್ಮಂದಿರಿಬ್ಬರೂ ಮಿತಭಾಷಿಗಳು. ಫೋನಿನಲ್ಲಿ ಎರಡು ನಿಮಿಷವಾದೊಡನೆ ಮಾತು ತೀರಿಹೋಗುವುದು. ಆದರೆ ಆದಿತ್ಯವಾರ ರಾತ್ರಿ ಎಂಟೂವರೆ ಗಂಟೆಗೆ, ಎಂದರೆ ಅಲ್ಲಿಯ ಸಂಜೆ ಐದಕ್ಕೆ, ಇಬ್ಬರೂ ತಮ್ಮ ತಮ್ಮ ಕಂಪ್ಯೂಟರಿನ ಮುಂದೆ ಕುಳಿತು ಕೂಡಿ ಆಡುತ್ತಿದ್ದರು. ೨೦೨೧ರಲ್ಲಿ ಹೊರಬಂದ ‘ಇಟ್ ಟೇಕ್ಸ್ ಟೂ’ ಎಂಬುದು ಆ ಆಟ. ಬೇರೆಯಾಗಹೊರಟ ಗಂಡಹೆಂಡಿರು ಗೊಂಬೆಗಳಾಗಿ ಮಾರ್ಪಟ್ಟು, ಒಬ್ಬರಿಗೊಬ್ಬರು ಆಸರೆಯಾಗಿ ದಾರಿ ಹುಡುಕಿಕೊಳ್ಳುವ ಕಥೆ. ಇಬ್ಬರಿಲ್ಲದೆ ಅದನ್ನು ಆಡುವುದಕ್ಕೇ ಬರುವುದಿಲ್ಲ. ಗೊಂಬೆಗಳು ಹಾರುತ್ತ ಬೀಳುತ್ತ ಇರುವಾಗಲೇ ಇವರ ಮಾತು ಸಡಿಲಗೊಳ್ಳುವುದು. ಅವಳ ಮನೆಯ ಬಾಡಿಗೆ ಏರಿದುದು, ಚಳಿಗಾಲದಲ್ಲಿ ಮೂರು ವಾರ ಜ್ವರದಿಂದ ಮಲಗಿದ್ದುದು, ಕೆಲಸದ ಕಡೆ ಮನಸ್ಸಿಗೆ ಬೇಸರವಾಗಿದ್ದುದು, ಇವೆಲ್ಲ ನಮಗೆ ತಿಳಿದುದು ಬಾಗಿಲಿನಾಚೆ ನಿಂತು ಕೇಳಿದ ಈ ಮಾತುಗಳಿಂದಲೇ. ಕದ್ದು ಕೇಳುವುದು ಸರಿಯೇ ಎಂದು ವಾಚಕರು ಕೇಳಬಹುದು. ಸರಿಯಲ್ಲ, ಆದರೂ ಕೇಳುತ್ತಿದ್ದೆವು.

ಏಪ್ರಿಲ್ ತಿಂಗಳ ಒಂದು ಆದಿತ್ಯವಾರ ಆಟದ ನಡುವೆ ಪರದೆಯ ತುಂಬ ಹಸಿರು ಕೆಂಪು ಚೌಕಗಳು ಎದ್ದುವು. ಮರುಕ್ಷಣದಲ್ಲಿ ಎಲ್ಲವೂ ಕಪ್ಪು. ಹುಡುಗನು ಎಷ್ಟು ಸಲ ಗುಂಡಿ ಒತ್ತಿದರೂ ಚಿತ್ರ ಬರಲಿಲ್ಲ.

ಕೆಟ್ಟುದು ಗ್ರಾಫಿಕ್ಸ್ ಕಾರ್ಡು. ಕಂಪ್ಯೂಟರಿನ ಪೆಟ್ಟಿಗೆಯೊಳಗೆ ಪರದೆಯ ಮೇಲಿನ ಚಿತ್ರಗಳನ್ನು ಬರೆಯುವುದಕ್ಕೆಂದೇ ಇರುವ ಬೇರೆ ಹಲಗೆಯಿದು. ಸೆಕೆಂಡಿಗೆ ಅರುವತ್ತು ಸಲ ಹೊಸ ಚಿತ್ರವನ್ನು ಬರೆಯಬೇಕಾದುದರಿಂದ ಇದಕ್ಕೆ ಬಹಳ ವಿದ್ಯುತ್ತು ಬೇಕು. ಕುಡಿದ ವಿದ್ಯುತ್ತೆಲ್ಲವೂ ಕಟ್ಟಕಡೆಗೆ ಶಾಖವಾಗಿಯೇ ಹೊರಬೀಳುವುದು. ಶಕ್ತಿನಗರದ ಉಷ್ಣವಿದ್ಯುತ್ ಸ್ಥಾವರವು ಕಲ್ಲಿದ್ದಲನ್ನು ಉರಿಸಿ, ಕೃಷ್ಣೆಯ ನೀರಿನಿಂದ ತಂಪಾಗಿಸಿಕೊಂಡು ಕರೆಂಟು ಕಳಿಸಿದರೆ, ನಾವು ಅದನ್ನು ಮನೆಯೊಳಗೆ ತಂದು ಮತ್ತೆ ಶಾಖವಾಗಿ ಮಾಡುತ್ತೇವೆ. ನಮಗೆ ಮಾತ್ರ ಕೃಷ್ಣೆಯಿಲ್ಲ, ಅಂಗೈಯಗಲದ ಎರಡು ಫ್ಯಾನುಗಳು ಮಾತ್ರ.

ಆ ಕಾರ್ಡನ್ನು ಹುಡುಗನು ಹಿಂದಿನ ವರ್ಷ ತನ್ನ ಸ್ಕಾಲರ್‌ಶಿಪ್ಪಿನ ಹಣದಿಂದ, ಒಬ್ಬ ಪರಿಚಯದವನ ಮೂಲಕ, ಹಳೆಯ ಮಾಲಾಗಿಯೇ ಕೊಂಡಿದ್ದನು. ಆ ಕಾಲದಲ್ಲಿ ಹಳೆಯ ಕಾರ್ಡುಗಳು ಅಗ್ಗವಾಗಿ ದೊರೆಯುತ್ತಿದ್ದುದಕ್ಕೆ ಕಾರಣವುಂಟು. ಎಥೀರಿಯಂ ಎಂಬ ಅಂಕಿಗಳ ನಾಣ್ಯವನ್ನು ‘ಅಗೆಯುವುದಕ್ಕಾಗಿ’ ಜನರು ಸಾಲುಸಾಲು ಕಾರ್ಡುಗಳನ್ನು ಹಗಲಿರುಳು ದುಡಿಸುತ್ತಿದ್ದರು. ೨೦೨೨ರ ಸೆಪ್ಟೆಂಬರ್ ೧೫ರಂದು ಆ ನಾಣ್ಯದ ಪದ್ಧತಿಯೇ ಬದಲಾಗಿ, ಅಗೆತಕ್ಕೆ ಕಾರ್ಡುಗಳು ಬೇಡವಾದುವು. ದುಡಿದು ಸೊರಗಿದ ಎತ್ತುಗಳಂತೆ ಅವೆಲ್ಲ ಸಂತೆಗೆ ಬಂದುವು. ಹಲ್ಲು ಹಿಡಿದು ನೋಡಲು ಎತ್ತಿಗಾದರೂ ಬಾಯಿಯಿದೆ.

ಸ್ಟೇಷನ್ ರಸ್ತೆಯ ಕಡೆ ಟಿ.ವಿ., ಮೊಬೈಲುಗಳನ್ನು ದುರಸ್ತಿ ಮಾಡುವ ವೃದ್ಧರೊಬ್ಬರಿದ್ದಾರೆ. ಅವರಲ್ಲಿಗೆ ಕಾರ್ಡನ್ನು ಒಯ್ದೆವು. ಅವರು ಬಿಸಿಗಾಳಿಯ ಯಂತ್ರದಿಂದ ಕಾಯಿಸಿ ಕೊಡುವೆನೆಂದರು. “ಆದ್ರ ಮಾಸ್ತರ, ಖಾತ್ರಿ ಕೇಳಬ್ಯಾಡ್ರಿ. ಕಾಯಿಸಿದ್ರ ನಾಕು ದಿನ ನಡೀತದ, ಆಮ್ಯಾಲ ಮತ್ತ ಕೈ ಕೊಡ್ತದ,” ಎಂಬುದು ಅವರ ಮಾತು. ಹತ್ತೊಂಬತ್ತು ದಿನ ನಡೆಯಿತು. ಎರಡನೆಯ ಸಲ ಒಯ್ದಾಗ ಅವರು ಹಣ ಮುಟ್ಟಲಿಲ್ಲ.

ಕಾರಣವನ್ನು ಅವರೇ ತಿಳಿಸಿಕೊಟ್ಟರು. ಕಾರ್ಡಿನ ಮಧ್ಯದಲ್ಲಿರುವ ಚಿಪ್ಪು ಹಲಗೆಗೆ ಅಂಟಿಕೊಂಡಿರುವುದು ಸಾಸಿವೆಗಿಂತಲೂ ಸಣ್ಣದಾದ ಅಸಂಖ್ಯ ಬೆಸುಗೆಯ ಗುಂಡುಗಳಿಂದ. ಕಾದಾಗ ಚಿಪ್ಪೂ ಹಲಗೆಯೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವುವು, ಆರಿದಾಗ ಕುಗ್ಗುವುವು. ತಂತಿಯನ್ನು ಅತ್ತಿತ್ತ ಬಗ್ಗಿಸುತ್ತಲೇ ಇದ್ದರೆ ಮುರಿಯುವಂತೆ ಕಾಲಕ್ರಮದಲ್ಲಿ ಆ ಬೆಸುಗೆ ಬಿರುಕು ಬಿಡುವುದು. ಬಡವರ ಮನೆಯ ಕಾರ್ಡಿಗೆ ಮಾತ್ರ ಬರುವ ರೋಗವಲ್ಲ ಇದು. ಎಕ್ಸ್‌ಬಾಕ್ಸ್ ೩೬೦ ಎಂಬ ಆಟದ ಯಂತ್ರಗಳು ಲೆಕ್ಕವಿಲ್ಲದಷ್ಟು ಕೆಟ್ಟು, ೨೦೦೭ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಯು ಖಾತರಿಯನ್ನು ಮೂರು ವರ್ಷಕ್ಕೆ ಏರಿಸಿ, ನೂರು ಕೋಟಿ ಡಾಲರಿಗೂ ಮೇಲ್ಪಟ್ಟ ಹಣವನ್ನು ಎತ್ತಿಡಬೇಕಾಯಿತು. ಮರುವರ್ಷದ ಜುಲೈಯಲ್ಲಿ ಎನ್‌ವಿಡಿಯಾ ಸಂಸ್ಥೆಯು ಲ್ಯಾಪ್‌ಟಾಪುಗಳಿಗೆ ಒದಗಿಸಿದ ಚಿಪ್ಪುಗಳ ದೋಷಕ್ಕಾಗಿ ೧೫ರಿಂದ ೨೦ ಕೋಟಿ ಡಾಲರ್ ಎತ್ತಿಟ್ಟಿತು.

ಇಷ್ಟನ್ನು ಹೇಳಿ ಅವರು ನಮ್ಮನ್ನೇ ಕೇಳಿದರು: “ಪೆಟಗಿ ಎಲ್ಲಿ ಇಟ್ಟಿದ್ರಿ?”

ಇಲ್ಲಿ ನಾವು ನಮ್ಮ ತಪ್ಪನ್ನು ಒಪ್ಪಿಕೊಳ್ಳಬೇಕು. ಫ್ಯಾನುಗಳ ಸದ್ದು ಓದಿಗೆ ತೊಂದರೆಯೆಂದು ಆ ಪೆಟ್ಟಿಗೆಯನ್ನು ಗೋಡೆಯ ಕಪಾಟಿನೊಳಕ್ಕೆ ಸರಿಸೆಂದು ಹುಡುಗನಿಗೆ ಹೇಳಿದವರು ನಾವೇ. ಧೂಳು ಕೂಡದಿರಲೆಂದು ನಮ್ಮ ಮನೆಯವರು ಅದರ ಮೇಲೆ ಕಸೂತಿ ಹಾಕಿದ ಬಟ್ಟೆಯನ್ನು ಹೊದಿಸಿದ್ದರು. ಹಿಂದೆ ಅವರ ತವರಿನಲ್ಲಿ ರೇಡಿಯೋಕ್ಕೆ ಹೊದಿಸುತ್ತಿದ್ದಂತೆ. ಹುಡುಗನು ಒಂದೆರಡು ಸಲ, “ಬಿಸಿ ಆಗ್ತದ ಕಾಕಾ,” ಎಂದುದೂ ಉಂಟು. ಬೇಸಿಗೆಯಲ್ಲವೇ, ಎಲ್ಲವೂ ಬಿಸಿಯಾಗುವುದು ಎಂದು ಬಿಟ್ಟಿದ್ದೆವು. ಕಾರ್ಡನ್ನು ಕೊಂದುದು ಮಾರಿದವನ ಮೋಸವೋ, ಅಗ್ಗದ ಪವರ್ ಸಪ್ಲೈಯೋ, ನಮ್ಮ ಕಪಾಟೋ, ಯಾರೂ ನಿರ್ಣಯಿಸಲಾರರು. ಆದಕಾರಣ ಹೊಸ ಕಾರ್ಡಿನ ಹಣ ನಾವು ಕೊಡುವುದೇ ನ್ಯಾಯವೆಂದು ಬಗೆದೆವು. ಹೊಸ ಫ್ರಿಜ್ಜಿಗೆಂದು ಕೂಡಿಸಿಟ್ಟಿದ್ದ ಮೂವತ್ತೈದು ಸಾವಿರ ರೂಪಾಯಿಗಳನ್ನು ನಮ್ಮ ಮನೆಯವರು ಮಾತಿಲ್ಲದೆ ತಂದಿಟ್ಟರು. ಕಸೂತಿಯ ಬಟ್ಟೆಯನ್ನು ಅದಕ್ಕೆ ಮೊದಲೇ ಮಡಿಚಿ ಟ್ರಂಕಿನಲ್ಲಿಟ್ಟಿದ್ದರು.

ಕೊಳ್ಳುವುದಾದರೂ ಯಾವುದನ್ನು? ಹಣವುಳ್ಳವರ ಕಾರ್ಡುಗಳ ಸಮಾಚಾರವನ್ನು ಓದಿದರೆ ಧೈರ್ಯ ಬರುವಂತಿರಲಿಲ್ಲ. ಎನ್‌ವಿಡಿಯಾದ ಆರ್‌ಟಿಎಕ್ಸ್ ೪೦೯೦ ಎಂಬುದು ೨೦೨೨ರ ಅಕ್ಟೋಬರಿನಲ್ಲಿ ಬಂದಿತು. ಅದು ಕುಡಿಯುವುದು ೪೫೦ ವಾಟ್, ಹೆಚ್ಚುಕಡಮೆ ಚಟ್ನಿ ಅರೆಯುವ ಮಿಕ್ಸಿಯಷ್ಟು. ಮಿಕ್ಸಿಗೆ ಆ ಶಕ್ತಿಯು ೨೩೦ ವೋಲ್ಟಿನಲ್ಲಿ ಬರುವುದರಿಂದ ಎರಡು ಆಂಪಿಯರ್ ಸಾಕು. ಕಾರ್ಡಿಗೆ ಬರುವುದು ೧೨ ವೋಲ್ಟಿನಲ್ಲಿ. ಆಗ ೩೭ ಆಂಪಿಯರಿಗೂ ಹೆಚ್ಚು ಹರಿಯಬೇಕು. ಇಷ್ಟನ್ನು ಹೊಸ ಮಾದರಿಯ ಸಣ್ಣ ಪ್ಲಗ್ಗಿನ ಆರು ಕಡ್ಡಿಗಳು ಹಂಚಿಕೊಳ್ಳಬೇಕು. ಪ್ಲಗ್ಗು ಪೂರ್ತಿ ಒಳಸೇರದೆ ಹೋದರೆ ಭಾರವೆಲ್ಲ ಕೆಲವೇ ಕಡ್ಡಿಗಳ ಮೇಲೆ ಬಿದ್ದು ಪ್ಲಾಸ್ಟಿಕ್ಕು ಕರಗುವುದು. ಹಾಗೆ ಕರಗಿದ ಪ್ರಸಂಗಗಳು ಅದೇ ತಿಂಗಳಲ್ಲಿ ವರದಿಯಾದುವು. ಮುಂದೆ ಪ್ಲಗ್ಗನ್ನು ತಿದ್ದಿದರು. ಆದರೂ ೨೦೨೫ರಲ್ಲಿ ೫೭೫ ವಾಟಿನ ೫೦೯೦ ಬಂದಾಗ ಅದೇ ದೂರು ಮತ್ತೆ ಕೇಳಿಬಂದಿತು. ಎಎಮ್‌ಡಿ ಎಂಬ ಎದುರಾಳಿ ಸಂಸ್ಥೆಯ ೭೯೦೦ ಎಕ್ಸ್‌ಟಿಎಕ್ಸ್ ಕಾರ್ಡಿನ ಕಥೆಯಂತೂ ಅಡಿಗೆಯ ಮನೆಯವರಿಗೆ ಕೂಡಲೇ ತಿಳಿಯುವಂತಹದು. ಅದರ ಚಿಪ್ಪಿನ ಮೇಲೆ ಒಂದು ಮುಚ್ಚಿದ ತಟ್ಟೆಯಿದೆ. ಅದರೊಳಗಿನ ನೀರು ಬಿಸಿಯಾದೆಡೆಯಲ್ಲಿ ಆವಿಯಾಗಿ, ತಂಪಾದೆಡೆಯಲ್ಲಿ ಮತ್ತೆ ನೀರಾಗಿ, ಶಾಖವನ್ನು ಹೊತ್ತೊಯ್ಯುವುದು. ಕೆಲವು ಕಾರ್ಡುಗಳ ತಟ್ಟೆಯಲ್ಲಿ ನೀರೇ ಸಾಕಷ್ಟಿರಲಿಲ್ಲವೆಂದು ಆ ಸಂಸ್ಥೆಯು ೨೦೨೩ರ ಜನವರಿಯಲ್ಲಿ ಒಪ್ಪಿಕೊಂಡಿತು. ಅಂಥವು ೧೧೦ ಡಿಗ್ರಿಗೆ ಏರುತ್ತಿದ್ದುವು. “ಇಡ್ಲಿ ಪಾತ್ರೆಗೆ ನೀರು ಹಾಕೂದು ಮರ್ತಂಗ ಆತು,” ಎಂದರು ನಮ್ಮ ಮನೆಯವರು.

ನಮ್ಮ ಹಣಕ್ಕೆ ಎರಡು ದಾರಿಗಳಿದ್ದುವು. ಒಂದು, ಹೊಸದಾದ ಆರ್‌ಟಿಎಕ್ಸ್ ೪೦೬೦: ೧೧೫ ವಾಟ್, ಎಂಟು ಜಿಬಿ ಸ್ಮೃತಿ, ಮೂರು ವರ್ಷದ ಖಾತರಿ. ಇನ್ನೊಂದು, ಸರಿಸುಮಾರು ಅಷ್ಟೇ ಬೆಲೆಗೆ ಹಳೆಯದಾದ ಆರ್‌ಟಿಎಕ್ಸ್ ೩೦೮೦: ೩೨೦ ವಾಟ್, ಖಾತರಿಯಿಲ್ಲ, ಆದರೆ ವೇಗದಲ್ಲಿ ಬಹಳ ಮೇಲು. ಹುಡುಗನ ಮನಸ್ಸೆಲ್ಲ ಎರಡನೆಯದರ ಮೇಲಿತ್ತು. ಅವನದು ಹಟವಲ್ಲ. ಎಂಟು ಜಿಬಿ ಸ್ಮೃತಿಯು ಹೊಸ ಆಟಗಳಿಗೆ ಸಾಲದಾಗುತ್ತಿದೆ, ಹೊಸ ಮಾಲೆಂದು ದುರ್ಬಲವಾದುದನ್ನು ಕೊಳ್ಳುವುದು ಯಾವ ಜಾಣತನ ಎಂದು ಅವನು ವಾದಿಸಿದನು. ಆ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳಲಾರೆವು, ಈಗಲೂ ಹೇಳುವುದಿಲ್ಲ.

ಜೂನ್ ತಿಂಗಳ ಮೊದಲಲ್ಲಿ ಇಬ್ಬರೂ ರೈಲು ಹತ್ತಿ ಸಿಕಂದರಾಬಾದಿಗೆ ಹೋದೆವು. ರಾಯಚೂರಿನವರಿಗೆ ಬೆಂಗಳೂರಿಗಿಂತ ಅದೇ ಹತ್ತಿರ. ಅಲ್ಲಿಯ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಕಂಪ್ಯೂಟರ್ ಅಂಗಡಿಗಳು ಜೇನುಗೂಡಿನಂತೆ ಒತ್ತಾಗಿರುವುವು. ಹಳೆಯ ೩೦೮೦ ಇದ್ದ ಅಂಗಡಿಯವನು ಮರ್ಯಾದಸ್ಥನೇ ಸರಿ. ಬೇಕಾದಷ್ಟು ಹೊತ್ತು ಓಡಿಸಿ ನೋಡಿರೆಂದನು. ಹುಡುಗನು ಉಷ್ಣವನ್ನು ತೋರಿಸುವ ತಂತ್ರಾಂಶವನ್ನು ತೆರೆದು, ಕಾರ್ಡಿಗೆ ಭಾರ ಹೊರಿಸಿ ಕುಳಿತನು. ಚಿಪ್ಪಿನ ಉಷ್ಣ ೭೬ ಡಿಗ್ರಿಯಲ್ಲಿ ನಿಂತಿತು. ಅಂಗಡಿಯವನು ನಕ್ಕನು. ಹುಡುಗನು ಕೆಳಗಿನ ಸಾಲನ್ನು ಬೆರಳಿಟ್ಟು ತೋರಿಸಿದನು. ಅದು ಸ್ಮೃತಿಯ ಉಷ್ಣ. ೯೮, ೧೦೨, ಇಪ್ಪತ್ತು ನಿಮಿಷಗಳಲ್ಲಿ ೧೦೬. ಈ ಜಾತಿಯ ಸ್ಮೃತಿಯು ೧೧೦ನ್ನು ಮುಟ್ಟಿತೆಂದರೆ ಕಾರ್ಡು ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗವನ್ನು ತಗ್ಗಿಸಿಕೊಳ್ಳುವುದು.

ಹುಡುಗನು ಗೋಡೆಯ ಎ.ಸಿ.ಯ ಕಡೆ ನೋಡಿದನು. ಅದರ ಮೇಲೆ ೨೪ ಎಂದಿತ್ತು.

“ನಮ್ಮನಿಯಾಗ ಎಷ್ಟಿರ್ತದ ಕಾಕಾ?”

“ಏಪ್ರಿಲ್‌ದಾಗ ಮೂವತ್ತೆಂಟು,” ಎಂದೆವು.

ಅವನು ಮತ್ತೇನನ್ನೂ ಕೇಳಲಿಲ್ಲ. ಕೋಣೆಯ ಗಾಳಿ ಎಷ್ಟು ಡಿಗ್ರಿ ಏರುವುದೋ ಒಳಗಿನ ಬಿಸಿಯೂ ಸುಮಾರಾಗಿ ಅಷ್ಟೇ ಏರುವುದು. ಪರೀಕ್ಷಕರು ತಂಪಾದ ಕೋಣೆಯಲ್ಲಿ ಅಳೆದು ಬರೆದ ಅಂಕಿಗಳಿಗೆ ರಾಯಚೂರಿನವರು ತಮ್ಮ ಹದಿನಾಲ್ಕನ್ನು ಸೇರಿಸಿಕೊಳ್ಳಬೇಕು. ಈ ಕಾರ್ಡಿಗೆ ಹೊಸ ಪ್ಯಾಡು ಹಾಕಿಸಿದರೆ ಉಷ್ಣ ಇಳಿಯುವುದು ಸಾಧ್ಯವೆಂದು ಅಂಗಡಿಯವನೇ ಹೇಳಿದನು. ಅದು ನಿಜವೂ ಹೌದು. ಆದರೆ ಹುಡುಗನು ಕಾರ್ಡನ್ನು ಬಿಚ್ಚಿ, ಎರಡೂ ಕೈಗಳಿಂದ, ಮೆಲ್ಲಗೆ ಅವನಿಗೆ ಒಪ್ಪಿಸಿದನು. ಮೆಟ್ಟಿಲಿಳಿಯುವಾಗ ಅವನ ಮುಖವನ್ನು ನೋಡಲು ನಮಗೆ ಮನಸ್ಸಾಗಲಿಲ್ಲ.

ಬೇರೊಂದು ಅಂಗಡಿಯಲ್ಲಿ ೪೦೬೦ನ್ನು ಕೊಂಡೆವು. ಮೂವತ್ತು ಸಾವಿರದೊಳಗೆ ಬಂದಿತು. ಶೇಕಡಾ ೧೮ರ ದರದ ಸರ್ಕಾರದ ತೆರಿಗೆಯೂ ಅದರಲ್ಲಿ ಸೇರಿತ್ತು. ನಾವು ಆರಿಸಿದ ಮಾದರಿಯಲ್ಲಿ ಹೊಸ ಪ್ಲಗ್ಗಿಲ್ಲ, ಹಳೆಯ ಎಂಟು ಕಡ್ಡಿಯದೇ ಇದೆ. ಉಳಿದ ಹಣಕ್ಕೆ ಇನ್ನಷ್ಟು ಸೇರಿಸಿ ಒಳ್ಳೆಯ ೫೫೦ ವಾಟಿನ ಪವರ್ ಸಪ್ಲೈಯನ್ನೂ ತೆಗೆದುಕೊಂಡೆವು. ಇದನ್ನು ಕೇಳಿದ ದುರಸ್ತಿಯ ವೃದ್ಧರು ಕಾರ್ಡಿನ ಮಾತು ಬಿಟ್ಟು ಇದನ್ನೇ ಮೆಚ್ಚಿಕೊಂಡರು. ರೈಲಿನಲ್ಲಿ ಪೆಟ್ಟಿಗೆಯನ್ನು ಹುಡುಗನು ತೊಡೆಯ ಮೇಲೆಯೇ ಇಟ್ಟುಕೊಂಡು ಬಂದನು. ಯಾದಗಿರಿಯ ಮಾವಿನಹಣ್ಣು ಮಾರುವವಳು ಅದನ್ನು ಸ್ವಲ್ಪ ಸರಿಸೆಂದಾಗ ಅವನ ಮುಖದಲ್ಲಿ ಮೊದಲ ಸಲ ನಗು ಕಂಡಿತು.

ಮನೆಯಲ್ಲಿ ಕಪಾಟು ಈಗ ಬರಿದು. ಪೆಟ್ಟಿಗೆಯು ಕಿಟಕಿಯ ಹತ್ತಿರ, ಗೋಡೆಯಿಂದ ಒಂದು ಗೇಣು ದೂರ, ಮರದ ಮಣೆಯ ಮೇಲೆ ಕುಳಿತಿದೆ. ತಿಂಗಳಿಗೊಮ್ಮೆ ಹುಡುಗನು ಜಾಲರಿಯ ಧೂಳನ್ನು ಬಣ್ಣ ಬಳಿಯುವ ಕುಂಚದಿಂದ ಒರಸುವನು. ಸೆಕೆಂಡಿಗೆ ಅರುವತ್ತಕ್ಕಿಂತ ಹೆಚ್ಚು ಚಿತ್ರಗಳನ್ನು ಬರೆಯಬೇಡವೆಂದು ಕಾರ್ಡಿಗೆ ಕಟ್ಟು ಹಾಕಿರುವನು. ನಮ್ಮ ಪರದೆಯು ತೋರಿಸುವುದು ಅಷ್ಟೇ ಆದುದರಿಂದ ನಷ್ಟವೇನೂ ಇಲ್ಲ. ಫ್ರಿಜ್ಜು ಹಳೆಯದೇ ಇದೆ. ಬಾಗಿಲಿಗೆ ಒಂದು ಹಗ್ಗ ಕಟ್ಟಿದ್ದೇವೆ.

ಕಾರ್ಡು ತಂದ ಆದಿತ್ಯವಾರ ರಾತ್ರಿ ಎಂಟೂವರೆಗೆ ನಾವು ಎಂದಿನಂತೆ ಬಾಗಿಲಿನಾಚೆ ನಿಂತಿದ್ದೆವು. “ಎಷ್ಟ್ ದಿನ ಆತೋ,” ಎಂದಳು ಅಕ್ಕ. ಅನಂತರ ಇಬ್ಬರೂ ಸುಮಾರು ಹೊತ್ತು ಮಾತಾಡಲಿಲ್ಲ. ಗುಂಡಿಗಳ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ಅವಳು ತಾನು ಕೆಲಸ ಬದಲಾಯಿಸುತ್ತಿರುವುದಾಗಿಯೂ ದೀಪಾವಳಿಗೆ ಬರುವುದಾಗಿಯೂ ಹೇಳಿದಳು. ನಾವು ಒಳಗೆ ಹೋಗಿ, ನೀರು ಕೊಡುವ ನೆಪದಿಂದ, ಪೆಟ್ಟಿಗೆಯ ಹಿಂದೆ ಅಂಗೈ ಹಿಡಿದು ನೋಡಿದೆವು. ಗಾಳಿ ಬೆಚ್ಚಗೆ ಬರುತ್ತಿತ್ತು.

“ಎಪ್ಪತ್ತೊಂದು, ಕಾಕಾ,” ಎಂದನು ಹುಡುಗ, ಪರದೆಯಿಂದ ಕಣ್ಣು ತೆಗೆಯದೆ.