127 ಕಿಲೋದ ‘ಸಣ್ಣ’ ಹುಡುಗನ ಊರಲ್ಲಿ

ಪಿಟ್ಸ್‌ಬರ್ಗ್ ಅಂದ ಕೂಡಲೇ ಅಮೆರಿಕದಲ್ಲಿರುವ ನಮ್ಮವರಿಗೆ ನೆನಪಾಗುವುದು ವೆಂಕಟೇಶ್ವರ ದೇವಸ್ಥಾನ. ನಗರದ ಪೂರ್ವಕ್ಕೆ, ಪೆನ್ ಹಿಲ್ಸ್ ಎಂಬ ಉಪನಗರದ ಗುಡ್ಡದ ಮೇಲೆ, ಮರಗಳ ನಡುವೆ ಬೆಳ್ಳಗೆ ನಿಂತ ಗೋಪುರ. 1970ರ ದಶಕದಲ್ಲಿ ಕಟ್ಟಿದ್ದು. ಆ ದೇಶದ ಹಳೆಯ ಹಿಂದೂ ದೇವಸ್ಥಾನಗಳಲ್ಲಿ ಇದೂ ಒಂದು. ದೂರದ ಊರುಗಳಿಂದ ಕನ್ನಡದ ಕುಟುಂಬಗಳು ಗಂಟೆಗಟ್ಟಲೆ ಕಾರು ಓಡಿಸಿಕೊಂಡು ಬರುತ್ತವೆ. ದರ್ಶನ ಆಗುತ್ತೆ, ಪುಳಿಯೋಗರೆ, ಮೊಸರನ್ನ ಆಗುತ್ತೆ, ಗುಡ್ಡದ ಮೆಟ್ಟಿಲ ಮೇಲೆ ಒಂದು ಫೋಟೊ ಆಗುತ್ತೆ. ಆಮೇಲೆ ಗಾಡಿ ನಯಾಗರಾ ಕಡೆಗೆ.

ಆದರೆ ಪೆನ್ ಹಿಲ್ಸ್ ಅಂದ್ರೆ ಫುಟ್ಬಾಲ್ ಹುಚ್ಚಿನ ಅಮೆರಿಕನ್ನರಿಗೆ ನೆನಪಾಗುವ ಹೆಸರೇ ಬೇರೆ: ಏರನ್ ಡೊನಾಲ್ಡ್. 1991ರಲ್ಲಿ ಹುಟ್ಟಿದ ಈತ ಓದಿದ್ದು ಇಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ. ಆಡಿದ ಜಾಗ ಡಿಫೆನ್ಸಿವ್ ಲೈನ್. ಎತ್ತರ ಆರಡಿ ಒಂದಿಂಚು, ತೂಕ ಸುಮಾರು 127 ಕಿಲೋ. ನಮ್ಮ ಬೀದಿಯಲ್ಲಿ ನಡೆದುಹೋದರೆ ಜನ ತಿರುಗಿ ನೋಡುವ ಆಳು. ಅಂಥವನಿಗೆ ಕಾಲೇಜು ಕಾಲದಿಂದಲೂ ಅಂಟಿಕೊಂಡಿದ್ದ ಹಣೆಪಟ್ಟಿ ಏನು ಗೊತ್ತಾ? ‘ಈ ಜಾಗಕ್ಕೆ ಸೈಜ್ ಸಾಲದು.’

ಪಿಟ್ಸ್‌ಬರ್ಗ್‌ನಲ್ಲಿ ನಾಲ್ಕು ದಿನ ಉಳಿಯುವ ಅವಕಾಶ ಸಿಕ್ಕಾಗ ನನ್ನ ತಲೆ ಕೊರೆದದ್ದು ಇದೇ ಪ್ರಶ್ನೆ. ಡಿಫೆನ್ಸಿವ್ ಲೈನ್‌ಮನ್‌ಗೆ ಗಾತ್ರ ಬೇಕೇ ಬೇಕಾ? ಇದಕ್ಕೆ ಉತ್ತರ ಹುಡುಕಲು ಇದಕ್ಕಿಂತ ಒಳ್ಳೆ ಊರು ಸಿಗಲಾರದು.

ಮೊದಲು ಆಟದ ಬಗ್ಗೆ ಎರಡು ಮಾತು. ಚೆಂಡು ಹಿಡಿದ ತಂಡದ ಐದು ಜನ ಒಂದು ಸಾಲಾಗಿ ಬಗ್ಗಿ, ತಮ್ಮ ಹಿಂದಿರುವ ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುತ್ತಾರೆ. ಅವರದು ಗೋಡೆ. ಎದುರು ತಂಡದಿಂದ ಆ ಗೋಡೆ ಒಡೆಯಲು ಮೂವರೋ ನಾಲ್ವರೋ ಮೊದಲ ಸಾಲಿನಲ್ಲಿ ನಿಲ್ಲುತ್ತಾರೆ. ಇವರೇ ಡಿಫೆನ್ಸಿವ್ ಲೈನ್‌ಮನ್‌ಗಳು. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಅವನನ್ನು ಕೆಡವಿದರೆ ಅದಕ್ಕೆ ‘ಸ್ಯಾಕ್’ ಅನ್ನುತ್ತಾರೆ. ಇದೆಲ್ಲ ನಡೆಯುವುದು ಎರಡೂವರೆ, ಮೂರು ಸೆಕೆಂಡಿನಲ್ಲಿ. ಇಂದು ಆ ಗೋಡೆಯಲ್ಲಿ ನಿಲ್ಲುವವರಲ್ಲಿ 136 ಕಿಲೋ ದಾಟದವರು ಸಿಗುವುದೇ ಅಪರೂಪ. ಹಾಗಿದ್ದ ಮೇಲೆ ಒಡೆಯುವವನೂ ಅಷ್ಟೇ ದಪ್ಪ ಇರಬೇಕು ಅನ್ನುವುದು ಮೇಲ್ನೋಟಕ್ಕೆ ಸರಿಯಾದ ಲೆಕ್ಕ.

ಪೆನ್ ಹಿಲ್ಸ್‌ನಿಂದ ಡೌನ್‌ಟೌನ್ ಕಡೆ ಹೊರಟರೆ ಸ್ಕ್ವಿರಲ್ ಹಿಲ್ ಸುರಂಗ ಸಿಗುತ್ತದೆ. ಅದು ದಾಟಿದ ಮೇಲೆ ಓಕ್‌ಲ್ಯಾಂಡ್. ಇಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ 42 ಮಹಡಿಯ ಕಟ್ಟಡ ಎದ್ದು ನಿಂತಿದೆ. ಹೆಸರು ‘ಕೆಥೆಡ್ರಲ್ ಆಫ್ ಲರ್ನಿಂಗ್’. ಒಳಗೆ ಒಂದೊಂದು ದೇಶದ ಶೈಲಿಯಲ್ಲಿ ಒಂದೊಂದು ತರಗತಿ ಕೋಣೆ. ಭಾರತದ ಕೋಣೆಯನ್ನು ನಾಲಂದದ ಮಾದರಿಯಲ್ಲಿ ಕಟ್ಟಿದ್ದಾರೆ. ಹೋದವರು ತಪ್ಪದೆ ನೋಡಿ.

ಡೊನಾಲ್ಡ್ ಓದಿದ್ದು ಇದೇ ವಿಶ್ವವಿದ್ಯಾಲಯದಲ್ಲಿ. ಊರವರೆಲ್ಲ ಕರೆಯುವುದು ‘ಪಿಟ್’ ಅಂತ. ಹುಡುಗ ಇನ್ನೂ ಚಿಕ್ಕವನಿದ್ದಾಗಲೇ ಅವನಪ್ಪ ಮನೆಯ ನೆಲಮಾಳಿಗೆಯಲ್ಲಿ ಜಿಮ್ ಮಾಡಿದ್ದರು. ಬೆಳಗಿನ ಜಾವ ನಾಲ್ಕೂವರೆಗೆ ಮಗನನ್ನು ಎಬ್ಬಿಸಿ, ಅಪ್ಪ-ಮಗ ಒಟ್ಟಿಗೆ ಭಾರ ಎತ್ತುತ್ತಿದ್ದರು. ಆಮೇಲೆ ಶಾಲೆ. ಆ ನೆಲಮಾಳಿಗೆಯ ಫಲ 2013ರಲ್ಲಿ ಕಾಣಿಸಿತು. ಕಾಲೇಜು ಫುಟ್ಬಾಲಿನಲ್ಲಿ ಡಿಫೆನ್ಸ್ ಆಟಗಾರರಿಗೂ ಲೈನ್‌ಮನ್‌ಗಳಿಗೂ ಸಿಗುವ ನಾಲ್ಕು ದೊಡ್ಡ ಪ್ರಶಸ್ತಿಗಳನ್ನು ಒಂದೇ ವರ್ಷ ಬಾಚಿಕೊಂಡ. ಮರುವರ್ಷ ಆಟಗಾರರ ಪರೀಕ್ಷೆಯಲ್ಲಿ 36.6 ಮೀಟರ್ (ಅಲ್ಲಿನ ಲೆಕ್ಕದಲ್ಲಿ 40 ಗಜ) ಓಟವನ್ನು 4.68 ಸೆಕೆಂಡಿನಲ್ಲಿ ಮುಗಿಸಿದ. 102 ಕಿಲೋ ಭಾರವನ್ನು ಎದೆ ಮೇಲಿಂದ 35 ಸಲ ಎತ್ತಿದ.

ಇಷ್ಟಾದರೂ 2014ರ ಡ್ರಾಫ್ಟ್‌ನಲ್ಲಿ ಅವನ ಹೆಸರು ಬಂದದ್ದು 13ನೆಯದಾಗಿ, ಸೇಂಟ್ ಲೂಯಿಸ್ ರ‍್ಯಾಮ್ಸ್ ತಂಡದಿಂದ. ಮುಂದಿನ ಹತ್ತು ವರ್ಷ ಅವನು ಆಡಿದ್ದು ಇತಿಹಾಸ. ಇಡೀ ಲೀಗಿನ ಅತ್ಯುತ್ತಮ ಡಿಫೆನ್ಸ್ ಆಟಗಾರ ಎಂಬ ಪ್ರಶಸ್ತಿ ಮೂರು ಸಲ: 2017, 2018, 2020. ಒಟ್ಟು 111 ಸ್ಯಾಕ್; ಅದರಲ್ಲಿ 2018 ಒಂದೇ ವರ್ಷ 20.5. ಲೈನಿನ ಮಧ್ಯದಲ್ಲಿ ಆಡುವವನೊಬ್ಬ ಅಷ್ಟು ಸ್ಯಾಕ್ ಮಾಡಿದ್ದು ಅದೇ ಮೊದಲು. 2022ರ ಫೆಬ್ರವರಿಯ ಸೂಪರ್ ಬೌಲ್ ನೆನಪಿದೆಯಾ? ರ‍್ಯಾಮ್ಸ್ 23, ಬೆಂಗಾಲ್ಸ್ 20. ಕೊನೆಯ ನಿಮಿಷದಲ್ಲಿ ಎದುರು ತಂಡದ ಕ್ವಾರ್ಟರ್‌ಬ್ಯಾಕ್‌ನನ್ನು ಹಿಡಿದು ಗಿರಗಿರನೆ ತಿರುಗಿಸಿ ಪಂದ್ಯ ಮುಗಿಸಿದವನು ಇವನೇ. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಅಂತ ನಾವು ಹೇಳೋದು ಇಂಥವರಿಗೇ.

ಹಾಗಾದರೆ ಗಾತ್ರ ಮುಖ್ಯವಲ್ಲ ಅಂತ ಇಲ್ಲಿಗೆ ಮುಗಿಸಬಹುದಾ? ಸ್ವಲ್ಪ ತಡೀರಿ. ಪಿಟ್ಸ್‌ಬರ್ಗ್ ಅಷ್ಟು ಸುಲಭಕ್ಕೆ ಒಪ್ಪುವ ಊರಲ್ಲ.

ಎರಡು ನದಿಗಳು, ಅಲಿಗೇನಿ ಮತ್ತು ಮನಾಂಗಹೀಲ, ಸೇರಿ ಓಹಾಯೋ ಆಗುವ ಸಂಗಮದ ಎದುರು ದಡದಲ್ಲಿದೆ ಇಲ್ಲಿನ ಸ್ಟೇಡಿಯಂ. 2001ರಲ್ಲಿ ತೆರೆದಾಗ ಹೈನ್ಜ್ ಫೀಲ್ಡ್, 2022ರಿಂದ ಅಕ್ರಿಶರ್ ಸ್ಟೇಡಿಯಂ. ಹೆಸರು ಬದಲಾದರೂ ಹಳದಿ ಕುರ್ಚಿ ಬದಲಾಗಿಲ್ಲ, ಹಳೆಯ ಹೆಸರು ಹೇಳುವ ಊರವರೂ ಬದಲಾಗಿಲ್ಲ. ಡೌನ್‌ಟೌನ್‌ನಿಂದ ‘ಟಿ’ ಎಂಬ ಲೈಟ್ ರೈಲು ನದಿಯ ಅಡಿಯಲ್ಲೇ ಸುರಂಗದಲ್ಲಿ ಸಾಗಿ ಸ್ಟೇಡಿಯಂ ಪಕ್ಕ ಇಳಿಸುತ್ತೆ. ಅಷ್ಟು ದೂರಕ್ಕೆ ಟಿಕೆಟ್ ಇಲ್ಲ, ಫ್ರೀ! ಶನಿವಾರ ಪಿಟ್ ಕಾಲೇಜಿನ ಪಂದ್ಯ, ಭಾನುವಾರ ವೃತ್ತಿಪರ ಸ್ಟೀಲರ್ಸ್ ಪಂದ್ಯ. ಎರಡಕ್ಕೂ ಮೈದಾನ ಒಂದೇ. ನಮ್ಮಂಥ ಪ್ರವಾಸಿಗಳ ಜೇಬಿಗೆ ಕಾಲೇಜು ಪಂದ್ಯವೇ ಹಿತ.

ಸ್ಟೀಲರ್ಸ್ ಹೆಸರಿನಲ್ಲೇ ಉಕ್ಕಿದೆ. ಹೆಲ್ಮೆಟ್ ಮೇಲಿನ ಚಿಹ್ನೆ ಕೂಡ ಅಮೆರಿಕದ ಉಕ್ಕು ಉದ್ಯಮ ಸಂಘದಿಂದ ಬಂದದ್ದು. 1970ರ ದಶಕದಲ್ಲಿ ಈ ತಂಡ ನಾಲ್ಕು ಸೂಪರ್ ಬೌಲ್ ಗೆದ್ದಾಗ ಅದರ ಮೊದಲ ಸಾಲಿಗೆ ಜನ ಇಟ್ಟ ಹೆಸರು ‘ಸ್ಟೀಲ್ ಕರ್ಟನ್’, ಉಕ್ಕಿನ ಪರದೆ. ಜೋ ಗ್ರೀನ್, ಎಲ್. ಸಿ. ಗ್ರೀನ್‌ವುಡ್, ಅರ್ನಿ ಹೋಮ್ಸ್, ಡ್ವೈಟ್ ವೈಟ್. ಗ್ರೀನ್ ಅಂದ್ರೆ ಎದುರಾಳಿಗಳು ನಡುಗುತ್ತಿದ್ದ ಕಾಲ ಅದು. ಅವನ ತೂಕ ಎಷ್ಟಿತ್ತು ಅಂತ ನೋಡಿದರೆ 125 ಕಿಲೋ! ಆರೂವರೆ ಅಡಿ ಎತ್ತರದ ಗ್ರೀನ್‌ವುಡ್ ಕೇವಲ 111 ಕಿಲೋ.

ಅಂದ್ರೆ ಆ ಕಾಲದ ದೈತ್ಯನನ್ನೂ ಈ ಕಾಲದ ‘ಸಣ್ಣ’ ಡೊನಾಲ್ಡ್‌ನನ್ನೂ ತಕ್ಕಡಿಯಲ್ಲಿ ಕೂರಿಸಿದರೆ ಡೊನಾಲ್ಡ್ ಕಡೆಯೇ ಒಂದು ಕೂದಲೆಳೆ ಕೆಳಗಿಳಿಯುತ್ತೆ. ಅವರು ಸಣ್ಣಗಾಗಲಿಲ್ಲ, ಎದುರಿನ ಗೋಡೆ ಬೆಳೆಯಿತು. ಗಾತ್ರ ಅನ್ನುವುದು ಎದುರಿಗೆ ಯಾರು ನಿಂತಿದ್ದಾರೆ ಅನ್ನುವುದರ ಮೇಲೆ ನಿಂತ ಮಾತು.

ಇನ್ನು ನಾಣ್ಯದ ಮತ್ತೊಂದು ಮುಖ. 2001ರಿಂದ 2012ರವರೆಗೆ ಸ್ಟೀಲರ್ಸ್ ಸಾಲಿನ ನಟ್ಟನಡುವೆ ನಿಂತವನು ಕೇಸಿ ಹ್ಯಾಂಪ್ಟನ್. ಅಡ್ಡಹೆಸರು ‘ಬಿಗ್ ಸ್ನ್ಯಾಕ್’. ಎತ್ತರ ಡೊನಾಲ್ಡ್‌ನಷ್ಟೇ, ತೂಕ ಮಾತ್ರ 147 ಕಿಲೋ. ಇವನ ಕೆಲಸ ಸ್ಯಾಕ್ ಮಾಡುವುದಲ್ಲ. ಮೂವರೇ ಇರುವ ಸಾಲಿನಲ್ಲಿ ಮಧ್ಯದವನು ತನ್ನ ಎಡ-ಬಲ ಎರಡೂ ಸಂದುಗಳನ್ನು ಕಾಯಬೇಕು. ಎದುರಿನ ಇಬ್ಬರು ಒಟ್ಟಿಗೆ ತಳ್ಳಿದರೂ ಇದ್ದಲ್ಲಿಂದ ಕದಲಬಾರದು. ಅವನು ಇಬ್ಬರನ್ನು ಹಿಡಿದಿಟ್ಟಾಗಲೇ ಹಿಂದಿನ ಲೈನ್‌ಬ್ಯಾಕರ್‌ಗಳು ನುಗ್ಗಿ ಹೆಸರು ಮಾಡುವುದು. ಆ ಕೆಲಸಕ್ಕೆ 127 ಕಿಲೋದವನನ್ನು ಪ್ರತಿ ಸಲವೂ ನಿಲ್ಲಿಸಿದರೆ ನಾಲ್ಕು ವಾರದಲ್ಲಿ ಅವನ ಬೆನ್ನು ಮುರಿಯುತ್ತೆ. ಹ್ಯಾಂಪ್ಟನ್ ಎರಡು ಸೂಪರ್ ಬೌಲ್ ಗೆದ್ದ ತಂಡದಲ್ಲಿದ್ದ. ಸ್ಯಾಕ್ ಪಟ್ಟಿಯಲ್ಲಿ ಹುಡುಕಿದರೆ ಮಾತ್ರ ಅವನು ಕಾಣುವುದೇ ಕಷ್ಟ.

ಡೊನಾಲ್ಡ್ ಕೆಲಸ ಬೇರೆ. ಅವನಿಗೆ ಒಂದೇ ಸಂದು. ಚೆಂಡು ಅಲುಗಿದ ಕ್ಷಣ ಆ ಸಂದಿನಲ್ಲಿ ನುಗ್ಗಬೇಕು. ಅಲ್ಲಿ ಗೆಲ್ಲಿಸುವುದು ಮೊದಲ ಹೆಜ್ಜೆಯ ವೇಗ, ಕೈಗಳ ಚುರುಕು, ಮತ್ತೆ ಬಗ್ಗುವಿಕೆ. ಕೆಳಗಿದ್ದವನೇ ಗೆಲ್ಲುವುದು ಅನ್ನುವುದು ಅಲ್ಲಿನ ಕೋಚ್‌ಗಳ ಮಂತ್ರ. ಕುಸ್ತಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಎದುರಾಳಿಯ ಎದೆಯ ಕೆಳಗೆ ಹೊಕ್ಕವನು ಅವನನ್ನು ಎತ್ತುತ್ತಾನೆ. ಆರಡಿ ಐದಿಂಚಿನವನು ಅಷ್ಟು ಬಗ್ಗಲು ಹೆಣಗುವಾಗ ಆರಡಿ ಒಂದಿಂಚಿನವನು ಹುಟ್ಟಿನಿಂದಲೇ ಅಲ್ಲಿರುತ್ತಾನೆ. ಕೊರತೆ ಅಂತ ಬರೆದಿಟ್ಟದ್ದೇ ಅವನ ಅನುಕೂಲ.

ನಾನು ಕಾಲೇಜು ಪಂದ್ಯ ನೋಡಿದ್ದು ಮೇಲಿನ ಅಂತಸ್ತಿನಿಂದ. ಟಿವಿಯಲ್ಲಿ ಕ್ಯಾಮೆರಾ ಚೆಂಡಿನ ಹಿಂದೆ ಓಡುತ್ತೆ. ಅಲ್ಲಿ ಕೂತರೆ ನಮ್ಮ ಕಣ್ಣು ನಮ್ಮದು. ಚೆಂಡು ಬಿಟ್ಟು ಆ ಸಾಲನ್ನೇ ನೋಡುತ್ತಾ ಕೂತೆ. ಮೊದಲಿಗೆ ಬರೀ ಗುಂಪು ಗದ್ದಲ. ಎರಡನೇ ಕ್ವಾರ್ಟರ್ ಹೊತ್ತಿಗೆ ಒಬ್ಬೊಬ್ಬರ ಕೆಲಸ ಬಿಡಿಬಿಡಿಯಾಗಿ ಕಾಣತೊಡಗಿತು. ಒಬ್ಬ ಕಂಬದ ಹಾಗೆ ನಿಂತಿದ್ದ, ಇನ್ನೊಬ್ಬ ಮೀನಿನ ಹಾಗೆ ನುಸುಳುತ್ತಿದ್ದ. ಕಂಬ ಇಲ್ಲದಿದ್ದರೆ ಮೀನಿಗೆ ದಾರಿ ಸಿಗುತ್ತಿರಲಿಲ್ಲ.

ಆದರೂ ಆಯ್ಕೆ ಮಾಡುವವರ ಕೈಗೆ ಮೊದಲು ಸಿಗುವುದು ಅಳತೆ ಟೇಪು, ತೂಕದ ಯಂತ್ರ. ಚುರುಕನ್ನು, ಹಟವನ್ನು ಅಳೆಯಲು ಯಂತ್ರ ಇಲ್ವಲ್ಲ. ಮಿನೆಸೋಟ ವೈಕಿಂಗ್ಸ್‌ನ ಜಾನ್ ರ‍್ಯಾಂಡಲ್ ಕಥೆ ಇದಕ್ಕೆ ಸಾಕ್ಷಿ. 1990ರ ಡ್ರಾಫ್ಟ್‌ನಲ್ಲಿ ಯಾವ ತಂಡವೂ ಅವನನ್ನು ಕೇಳಲಿಲ್ಲ. ತೂಕ ಸಾಲದೆ ಹೋದೀತು ಅಂತ ಬಟ್ಟೆಯೊಳಗೆ ಸರಪಳಿ ಸುತ್ತಿಕೊಂಡು ತಕ್ಕಡಿ ಹತ್ತಿದ. ಆ ಸರಪಳಿ ಹೊತ್ತವನು ಮುಂದೆ 137.5 ಸ್ಯಾಕ್ ಮಾಡಿ, 2010ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಪಿಟ್‌ನಲ್ಲೇ ಆಡಿದ, ಡೊನಾಲ್ಡ್‌ನಷ್ಟೇ ಎತ್ತರ, ತೂಕದ ಕಲೈಜಾ ಕ್ಯಾನ್ಸಿಗೂ ಸೈಜ್ ಸಾಲದು ಎಂಬ ಮಾತು ತಪ್ಪಲಿಲ್ಲ. ಆದರೆ 2023ರಲ್ಲಿ ಟ್ಯಾಂಪಾ ಬೇ ತಂಡ ಅವನನ್ನು 19ನೆಯವನಾಗಿ ಎತ್ತಿಕೊಂಡಿತು. ಡೊನಾಲ್ಡ್ ತೆರೆದ ಬಾಗಿಲು ಅದು.

ಹಾಗಂತ ದೊಡ್ಡವರ ಕಾಲ ಮುಗಿದಿಲ್ಲ. 2022ರಲ್ಲಿ ಜೋರ್ಡನ್ ಡೇವಿಸ್ ಎಂಬ 155 ಕಿಲೋದ ಹುಡುಗ ಅದೇ 40 ಗಜವನ್ನು 4.78 ಸೆಕೆಂಡಿನಲ್ಲಿ ಓಡಿದ. ಫಿಲಡೆಲ್ಫಿಯಾ ತಂಡ ಅವನನ್ನು ಆರಿಸಿದ್ದೂ 13ನೇ ಸ್ಥಾನದಲ್ಲೇ. ಗಾತ್ರ, ವೇಗ ಎರಡೂ ಒಂದೇ ಮೈಯಲ್ಲಿ ಸಿಕ್ಕರೆ ಯಾರು ತಾನೇ ಬೇಡ ಅಂತಾರೆ?

ಆದರೆ ಈ ಮೈಗಳಿಗೆ ಬೆಲೆ ಕಟ್ಟುವವರು ಯಾರು? ಆ ಪ್ರಶ್ನೆಯನ್ನೂ ಎತ್ತಿದ ಊರು ಪಿಟ್ಸ್‌ಬರ್ಗೇ. ಅದೇ ನಾಲ್ಕು ಸೂಪರ್ ಬೌಲ್ ಗೆದ್ದ ತಂಡದ ಸೆಂಟರ್ ಮೈಕ್ ವೆಬ್‌ಸ್ಟರ್ 2002ರಲ್ಲಿ ಐವತ್ತನೇ ವಯಸ್ಸಿಗೆ ತೀರಿಕೊಂಡ. ಇಲ್ಲಿನ ಶವಪರೀಕ್ಷಾ ಕಚೇರಿಯಲ್ಲಿದ್ದ ಡಾ. ಬೆನೆಟ್ ಒಮಾಲು ಅವನ ಮಿದುಳಿನಲ್ಲಿ ಸಿಟಿಇ ಎಂಬ ಹಾನಿಯನ್ನು ಗುರುತಿಸಿದರು. ತಲೆಗೆ ಮತ್ತೆ ಮತ್ತೆ ಪೆಟ್ಟು ಬಿದ್ದವರಲ್ಲಿ ಕಾಣುವ ಹಾನಿ ಅದು. ವೃತ್ತಿಪರ ಫುಟ್ಬಾಲ್ ಆಟಗಾರನಲ್ಲಿ ಅದು ಪತ್ತೆಯಾದದ್ದು ಅದೇ ಮೊದಲು. ಸಾಲಿನಲ್ಲಿ ನಿಲ್ಲುವವರಿಗೆ ಪ್ರತಿ ಸಲವೂ ಡಿಕ್ಕಿ ತಪ್ಪಿದ್ದಲ್ಲ. ಅದರ ಮೇಲೆ, ಕೆಲಸಕ್ಕಾಗಿ ಬೆಳೆಸಿದ ತೂಕ ಹೃದಯಕ್ಕೂ ಮಂಡಿಗೂ ಭಾರ. ಹ್ಯಾಂಪ್ಟನ್‌ನನ್ನು ತಂಡಕ್ಕೆ ತಂದದ್ದೇ ಗಾತ್ರ. 2008ರಲ್ಲಿ ಫಿಟ್‌ನೆಸ್ ಪರೀಕ್ಷೆಯಲ್ಲಿ ಫೇಲಾಗಿ ಅಭ್ಯಾಸದಿಂದ ಹೊರಗೆ ಕೂತಾಗ ಕೈಕೊಟ್ಟದ್ದೂ ಅದೇ ಗಾತ್ರ. ಡೊನಾಲ್ಡ್ ಮಾತ್ರ 2024ರ ಮಾರ್ಚ್‌ನಲ್ಲಿ, ಇನ್ನೂ ಆಡಬಲ್ಲೆ ಅನ್ನುವಾಗಲೇ, 32ರ ವಯಸ್ಸಿಗೆ ಸಾಕು ಅಂದ.

ನಾಲ್ಕು ದಿನದ ಕೊನೆಗೆ ನನಗೆ ಸಿಕ್ಕ ಉತ್ತರ ಇಷ್ಟು. ಗಾತ್ರ ಮುಖ್ಯ, ಆದರೆ ಯಾವ ಕೆಲಸಕ್ಕೆ ಅನ್ನುವುದು ಅದಕ್ಕಿಂತ ಮುಖ್ಯ. ಎರಡು ಸಂದು ಕಾಯುವವನಿಗೆ ತೂಕ ಬೇಕು, ಒಂದು ಸಂದು ಒಡೆಯುವವನಿಗೆ ಹೆಜ್ಜೆ ಬೇಕು. ಕೆಲಸ ಏನೆಂದು ಹೇಳದೆ ಬರೀ ಅಳತೆ ಹಿಡಿದು ‘ನೀನು ಸಾಲದು’ ಅನ್ನುವುದು ಆಟ ಗೊತ್ತಿಲ್ಲದವರ ಮಾತು.

ನೀವು ಆ ಕಡೆ ಹೋದರೆ ಸೆಪ್ಟೆಂಬರ್‌ನಿಂದ ನವೆಂಬರ್ ನಡುವೆ ಹೋಗಿ. ಗುಡ್ಡಗಳೆಲ್ಲ ಕೆಂಪು, ಹಳದಿ ಎಲೆಗಳಲ್ಲಿ ತುಂಬಿರುತ್ತವೆ, ಫುಟ್ಬಾಲೂ ಜೋರಾಗಿರುತ್ತೆ. ಮೇಲಿನ ಅಂತಸ್ತಿನ ಟಿಕೆಟ್ ತಗೊಳ್ಳಿ. ಬೆಚ್ಚನೆ ಜಾಕೆಟ್ ಇರಲಿ, ನದಿಗಾಳಿ ಕೊರೆಯುತ್ತೆ. ಚೆಂಡು ಅಲುಗಿದ ಮೊದಲ ಎರಡು ಸೆಕೆಂಡು ಚೆಂಡನ್ನು ಬಿಟ್ಟುಬಿಡಿ, ಸಾಲಿನಲ್ಲಿ ಎಲ್ಲರಿಗಿಂತ ಗಿಡ್ಡಗಿರುವವನ ಮೇಲೆ ಕಣ್ಣಿಡಿ.