ಅರ್ಥಧಾರಿಯಿಲ್ಲದ ಮೇಳ

ತಾಳಮದ್ದಳೆಯನ್ನು ಕೇಳಿದವರಿಗೆ ಅದರ ಏರ್ಪಾಡು ತಿಳಿದೇ ಇರುವುದು. ಭಾಗವತರು ಪದ್ಯವನ್ನು ಹಾಡುವರು. ಅರ್ಥಧಾರಿಯು ಅದರ ಎಳೆಯನ್ನು ಹಿಡಿದು ಮಾತಿನಲ್ಲಿ ಬೆಳೆಸುವನು. ನನ್ನ ತಾಯಿಯ ತವರು ಸಾಗರದ ಕಡೆಯದಾದುದರಿಂದ ಚಿಕ್ಕಂದಿನಲ್ಲಿ ಇಂತಹ ಎಷ್ಟೋ ಕೂಟಗಳಲ್ಲಿ ನಿದ್ದೆಗೆಟ್ಟು ಕುಳಿತಿದ್ದೇನೆ. ಪದ್ಯ ಹೆಚ್ಚೋ ಅರ್ಥ ಹೆಚ್ಚೋ ಎಂಬ ಚರ್ಚೆಯು ಅಲ್ಲಿ ಬೆಳಗಾಗುವವರೆಗೂ ನಡೆಯುವುದುಂಟು. ಆದರೆ ಅರ್ಥಧಾರಿಯು ತಾನಾಗಿಯೇ, “ಇಂದು ಪದ್ಯಗಳೇ ನಡೆಯಲಿ, ನನ್ನ ಮಾತು ಒಂದೆರಡು ಕಡೆ ಇದ್ದರೆ ಸಾಕು” ಎಂದುದನ್ನು ನಾನು ಅಲ್ಲಿ ಕಂಡಿಲ್ಲ. ಅದನ್ನು ಕಂಡುದು 2007ರಲ್ಲಿ, ಅದೂ ಅಮೆರಿಕ ದೇಶದ ಒಂದು ರಾಕ್ ತಂಡದಲ್ಲಿ.

ನಮ್ಮ ಪತ್ರಿಕೆಯ ವಾಚಕರಲ್ಲಿ ಈ ಸಂಗೀತದ ಪರಿಚಯವಿಲ್ಲದವರಿಗಾಗಿ ಎರಡು ಮಾತು ಹೇಳಬೇಕು. ರ‍್ಯಾಪ್ ಎಂಬುದು ತಾಳಕ್ಕೆ ಬಿಗಿದ ಪ್ರಾಸದ ಮಾತು. ಅದರಲ್ಲಿ ರಾಗವು ಅತ್ಯಲ್ಪ, ಲಯವೇ ಸರ್ವಸ್ವ. ಕೊನ್ನಕ್ಕೋಲನ್ನು ಕೇಳಿ ತಲೆದೂಗುವ ನಾವು ಇದನ್ನು ಕೇಳಿ ಮೂಗು ಮುರಿಯಬೇಕಾದ ಕಾರಣವಿಲ್ಲ. ಈ ಮಾತಿಗೂ ರಾಕ್ ಸಂಗೀತದ ಗಿಟಾರಿನ ಅಬ್ಬರಕ್ಕೂ ಪ್ರಸಿದ್ಧವಾದ ಸಂಬಂಧವು ಬೆಳೆದುದು 1986ರಲ್ಲಿ. ಆ ವರ್ಷ ರನ್ ಡಿಎಂಸಿ ಎಂಬ ರ‍್ಯಾಪ್ ತಂಡದವರು ಏರೋಸ್ಮಿತ್ ಎಂಬ ರಾಕ್ ತಂಡದವರ ಹಳೆಯ ಹಾಡೊಂದನ್ನು ಅವರೊಡನೆಯೇ ಸೇರಿ ಹೊಸದಾಗಿ ಹಾಡಿದರು. ಆ ಮದುವೆಗೆ ಪೌರೋಹಿತ್ಯ ವಹಿಸಿದವರಲ್ಲಿ ರಿಕ್ ರೂಬಿನ್ ಎಂಬ ಧ್ವನಿಮುದ್ರಣದ ನಿರ್ಮಾಪಕನೂ ಒಬ್ಬನು. ಈ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಕ್ಯಾಲಿಫೋರ್ನಿಯಾದ ಲಿಂಕಿನ್ ಪಾರ್ಕ್ ತಂಡವು ಈ ಮಿಶ್ರಶೈಲಿಯನ್ನು ಮನೆಮನೆಗೆ ಮುಟ್ಟಿಸಿತು. 2000ದ ಅಕ್ಟೋಬರಿನಲ್ಲಿ ಬಂದ ಅವರ ಮೊದಲ ಗೀತಸಂಪುಟ ‘ಹೈಬ್ರಿಡ್ ಥಿಯರಿ’ಯು ಐದು ವರ್ಷಗಳೊಳಗೆ ಅಮೆರಿಕದಲ್ಲಿಯೇ ಒಂದು ಕೋಟಿ ಪ್ರತಿಗಳ ಗುರುತನ್ನು ಮುಟ್ಟಿತು. 2003ರಲ್ಲಿ ಬಂದ ‘ಮೀಟಿಯೋರಾ’ವೂ ಅದೇ ದಾರಿಯದು. ಎರಡರಲ್ಲಿಯೂ ಚೆಸ್ಟರ್ ಬೆನ್ನಿಂಗ್ಟನ್ ಭಾಗವತನು, ಮೈಕ್ ಶಿನೋಡಾ ಅರ್ಥಧಾರಿ. ಒಬ್ಬನು ಗಂಟಲು ಹರಿಯುವಂತೆ ಹಾಡಿದರೆ, ಇನ್ನೊಬ್ಬನು ಅಳೆದು ಕತ್ತರಿಸಿದಂತೆ ಮಾತನ್ನು ಜೋಡಿಸುವನು. ಒಬ್ಬನು ನಿಲ್ಲಿಸಿದ ಕಡೆ ಇನ್ನೊಬ್ಬನು ಎತ್ತಿಕೊಳ್ಳುವ ಆ ಹೊಂದಾಣಿಕೆಯೇ ಅವರ ಬಂಡವಾಳವಾಗಿದ್ದಿತು.

ನಮ್ಮ ಮನೆಗೂ ಅದು ಬಂದಿತು. ಆಗ ನಾವು ಉದಯಗಿರಿಯಲ್ಲಿ, ಮಹದೇವಪುರ ರಸ್ತೆಗೆ ಸಮೀಪದ ಒಂದು ಓಣಿಯಲ್ಲಿ, ಮಹಡಿಯ ಮೇಲೊಂದು ಕೋಣೆಯುಳ್ಳ ಬಾಡಿಗೆಯ ಮನೆಯಲ್ಲಿದ್ದೆವು. ನಾನು ಕನ್ನಡ ಉಪಾಧ್ಯಾಯ. ನನಗಿಂತ ಎಂಟು ವರ್ಷ ಚಿಕ್ಕವನಾದ ತಮ್ಮನು ಇನ್ನೂ ಓದುತ್ತಿದ್ದನು. 2005ರಲ್ಲಿ ತಂದೆಯವರು ತೀರಿಕೊಂಡ ಮೇಲೆ ನಮ್ಮಿಬ್ಬರ ನಡುವೆ ಮಾತು ಬಹಳ ಕಡಮೆಯಾಗಿದ್ದಿತು. ಶುಲ್ಕ, ಬಾಡಿಗೆ, ತಾಯಿಯ ಔಷಧ ಇವನ್ನು ಬಿಟ್ಟರೆ ಆಡುವುದೇನು? ನಾನು ಅಣ್ಣನ ಸ್ಥಾನದಿಂದ ತಂದೆಯ ಸ್ಥಾನಕ್ಕೆ ಏರಿದ್ದು ಅವನಿಗೂ ಹಿಡಿಸಿರಲಿಲ್ಲ, ನನಗೂ ಹಿಡಿಸಿರಲಿಲ್ಲ. ಆದರೆ ಸಂಜೆ ದೀಪ ಹತ್ತಿಸಿದ ಮೇಲೆ ಮಹಡಿಯ ಕೋಣೆಯಲ್ಲಿ ಆ ಎರಡು ಸಂಪುಟಗಳ ಹಾಡುಗಳನ್ನು ಹಾಕಿಕೊಂಡು ನಾವು ಕೂಡಿ ಹಾಡುತ್ತಿದ್ದೆವು. ಸ್ವಲ್ಪ ಸ್ವರಜ್ಞಾನವಿದ್ದ ನನಗೆ ಬೆನ್ನಿಂಗ್ಟನ್ನನ ಪಾಲು. ನಾಲಗೆ ಚುರುಕಾಗಿದ್ದ ಅವನಿಗೆ ಶಿನೋಡಾನ ಪಾಲು. ಪಕ್ಕದ ಮನೆಯ ಜಗುಲಿಯಲ್ಲಿ ಅಗರಬತ್ತಿ ಹೊಸೆಯುತ್ತಿದ್ದ ಮುದುಕಮ್ಮನವರು ಒಂದು ದಿನ ನನ್ನ ತಾಯಿಯನ್ನು, “ಮಕ್ಕಳು ದಿನಾಲೂ ಇಷ್ಟು ಜಗಳವಾಡುತ್ತಾರಲ್ಲ, ಆಸ್ತಿಯ ವಿಚಾರವೇ?” ಎಂದು ಕೇಳಿದರಂತೆ. ಆಸ್ತಿಯೂ ಇರಲಿಲ್ಲ, ಜಗಳವೂ ಇರಲಿಲ್ಲ. ನಾವು ಮಾತನಾಡುತ್ತಿದ್ದ ಹೊತ್ತು ಅದೊಂದೇ.

ಹೀಗಿರಲು 2007ರ ಮೇ ತಿಂಗಳಲ್ಲಿ ‘ಮಿನಿಟ್ಸ್ ಟು ಮಿಡ್‌ನೈಟ್’ ಎಂಬ ಮೂರನೆಯ ಸಂಪುಟವು ಹೊರಬಂದಿತು. ಅದಕ್ಕಾಗಿ ತಂಡದವರು ಒಂದು ವರ್ಷಕ್ಕೂ ಮೀರಿ ದುಡಿದಿದ್ದರು. ನೂರಕ್ಕೂ ಹೆಚ್ಚು ಮಟ್ಟುಗಳನ್ನು ಕಟ್ಟಿ, ಸೋಸಿ, ಹನ್ನೆರಡನ್ನು ಉಳಿಸಿಕೊಂಡಿದ್ದರು. ಅವುಗಳಲ್ಲಿ ಮೊದಲನೆಯದು ಬರಿಯ ವಾದ್ಯ. ಉಳಿದ ಹನ್ನೊಂದರಲ್ಲಿ ರ‍್ಯಾಪ್ ಇದ್ದುದು ಎರಡರಲ್ಲಿ ಮಾತ್ರ, ನಾಲ್ಕನೆಯದರಲ್ಲಿ ಮತ್ತು ಏಳನೆಯದರಲ್ಲಿ. ಹತ್ತನೆಯದರಲ್ಲಿ ಶಿನೋಡಾನು ಮಾತನ್ನು ಬಿಟ್ಟು ತಾನೇ ಮೆಲ್ಲಗೆ ಹಾಡಿದ್ದನು! ಹಿಂದೆ ಇಲ್ಲದಿದ್ದ ಗಿಟಾರಿನ ಒಂಟಿವಾದನ ಬಂದಿತು. ನ್ಯೂ ಆರ್ಲಿಯನ್ಸ್ ನಗರವನ್ನು 2005ರಲ್ಲಿ ಮುಳುಗಿಸಿದ ಚಂಡಮಾರುತದ ದುಃಖವನ್ನು ಕುರಿತು, ಆರು ನಿಮಿಷಕ್ಕೂ ಮಿಕ್ಕ ವಿಳಂಬದ ಹಾಡು ಕೊನೆಯಲ್ಲಿ ಬಂದಿತು. ಇಷ್ಟನ್ನೂ ಶಿನೋಡಾನ ಜೊತೆಗೆ ಕುಳಿತು ನಿರ್ಮಿಸಿದವನು ಯಾರು? ಅದೇ ರಿಕ್ ರೂಬಿನ್. ಇಪ್ಪತ್ತೊಂದು ವರ್ಷಗಳ ಹಿಂದೆ ಲಗ್ನ ಮಾಡಿಸಿದವನೇ ಈ ಮನೆಯ ಮಟ್ಟಿಗೆ ಪಾಲುಪಟ್ಟಿಗೂ ಸಾಕ್ಷಿಯಾದನು.

ತಮ್ಮನು ದೇವರಾಜ ಅರಸು ರಸ್ತೆಯ ಅಂಗಡಿಯಿಂದ ಅದನ್ನು ಕೊಂಡುತಂದನು. ಅವನು ತನ್ನ ಕೈಯಾರ ದುಡ್ಡು ಕೊಟ್ಟು ಕೊಂಡ ಮೊದಲನೆಯ ಸಂಪುಟವದು. ಮೊದಲಿನಿಂದ ಕೊನೆಯವರೆಗೆ ಬಾಯಿಬಿಡದೆ ಕೇಳಿ, “ಅಣ್ಣ, ಇದರಲ್ಲಿ ನನಗೇನೂ ಕೆಲಸವಿಲ್ಲ. ಎಲ್ಲ ನಿನ್ನದೇ” ಎಂದನು. ಅವನು ನಗುತ್ತಲೇ ಹೇಳಿದನು. ಆದರೆ ಆ ವಾರದಲ್ಲಿ ಎರಡು ದಿನ ಮಾತ್ರ ಮಹಡಿಗೆ ಬಂದನು. ಮುಂದಿನ ತಿಂಗಳು ಬರುವುದನ್ನೇ ಬಿಟ್ಟನು. ಹಳೆಯ ಹಾಡುಗಳನ್ನೇ ಹಾಡೋಣವೆಂದರೆ, “ಅವರೇ ಬಿಟ್ಟ ಮೇಲೆ ನಾವೇಕೆ?” ಎನ್ನುವನು. 2009ರಲ್ಲಿ ಅವನಿಗೆ ಮಸ್ಕತ್ತಿನಲ್ಲಿ ಕೆಲಸವಾಯಿತು.

ಜಗತ್ತಿನ ರಸಿಕರಲ್ಲಿಯೂ ಹಲವರು ನನ್ನ ತಮ್ಮನಂತೆಯೇ ಮುನಿದರು. ಸಂಪುಟವೇನೋ ಮೊದಲ ವಾರದಲ್ಲಿಯೇ ಅಮೆರಿಕದಲ್ಲಿ ಆರು ಲಕ್ಷಕ್ಕೂ ಮೇಲ್ಪಟ್ಟು ಮಾರಾಟವಾಗಿ ಅಗ್ರಸ್ಥಾನವನ್ನು ಪಡೆಯಿತು. ಆದರೂ ‘ಇವರು ತಮ್ಮತನವನ್ನು ಮಾರಿಕೊಂಡರು’ ಎಂಬ ಮಾತು ನಿಲ್ಲಲಿಲ್ಲ. ಇದು ಹೊಸ ದೂರಲ್ಲ. ಇದಕ್ಕೆ ಐದು ವರ್ಷ ಮೊದಲು, 2002ರಲ್ಲಿ, ಪಾಪಾ ರೋಚ್ ಎಂಬ ಇನ್ನೊಂದು ತಂಡವು ತನ್ನ ವಿಜಯದ ಸಂಪುಟವಾದ ‘ಇನ್‌ಫೆಸ್ಟ್’ನ ಬೆನ್ನಿಗೇ ರ‍್ಯಾಪನ್ನು ಬಹಳ ಮಟ್ಟಿಗೆ ಕಳಚಿ ಹೊಸ ಸಂಪುಟವನ್ನು ಕೊಟ್ಟು, ಹಿಂದಿನ ಮಾರಾಟವನ್ನು ಮುಟ್ಟಲಾರದೆ ಹೋಯಿತು. ನಮ್ಮಲ್ಲಿಯೇ ನೋಡಿ. ‘ಭಾವತರಂಗ’ದ ಅಡಿಗರನ್ನು ಮೆಚ್ಚಿದ್ದವರಲ್ಲಿ ಎಷ್ಟು ಮಂದಿ 1954ರ ‘ಚಂಡೆಮದ್ದಳೆ’ಯನ್ನು ಕೈಗೆತ್ತಿಕೊಂಡು, ಇದು ಕಾವ್ಯವೇ ಎಂದು ಬೆಚ್ಚಿದ್ದರು! ಅವರು ಮಧುರವಾದ ಹಾಡನ್ನು ಬಿಟ್ಟು ಒರಟು ಮಾತಿಗೆ ಹೋದರು, ಇವರು ಮಾತನ್ನು ಬಿಟ್ಟು ಹಾಡಿಗೆ ಬಂದರು. ಬೈಗುಳ ಮಾತ್ರ ಒಂದೇ. ಮೈಸೂರಿನಲ್ಲಿಯೇ ಬೆಳೆದ ರಘು ದೀಕ್ಷಿತರ ತಂಡಕ್ಕೆ ಈ ಇಕ್ಕಟ್ಟು ಒದಗಲಿಲ್ಲ. 2008ರ ಮೊದಲ ಸಂಪುಟದಲ್ಲಿ ಗಿಟಾರಿನ ಜೊತೆಗೆ ಕೂಡಿಸಿದ್ದ ಶಿಶುನಾಳ ಷರೀಫರ ಕೈಯನ್ನು ಅವರು 2013ರ ‘ಜಗ್ ಚಂಗಾ’ದಲ್ಲಿಯೂ ಬಿಡಲಿಲ್ಲವಷ್ಟೆ.

ನನಗೆ ಈ ಸಂಪುಟದಲ್ಲಿ ಮುಖ್ಯವೆಂದು ತೋರುವುದು ಬೇರೊಂದು. ಮಾತನ್ನು ಕಡಮೆ ಮಾಡಿದವನು ಹಾಡುಗಾರನಲ್ಲ, ಮಾತುಗಾರನೇ. ನಿರ್ಮಾಪಕನ ಪೀಠದಲ್ಲಿ ಕುಳಿತಿದ್ದ ಶಿನೋಡಾನು ಇಷ್ಟಪಟ್ಟಿದ್ದರೆ ಹನ್ನೊಂದರಲ್ಲಿಯೂ ತನ್ನ ಪಾಲನ್ನು ಇಟ್ಟುಕೊಳ್ಳಬಹುದಾಗಿದ್ದಿತು. ಅವನಿಗೆ ರ‍್ಯಾಪಿನ ಮೇಲಿನ ಆಸೆ ಬತ್ತಿತ್ತೆಂದು ಹೇಳುವಂತೆಯೂ ಇಲ್ಲ. 2005ರಲ್ಲಿಯೇ ಫೋರ್ಟ್ ಮೈನರ್ ಎಂಬ ಹೆಸರಿನಲ್ಲಿ ಅದಕ್ಕೊಂದು ಬೇರೆ ಮನೆಯನ್ನೇ ಕಟ್ಟಿದ್ದನು. ಕೂಡುಮನೆಯಲ್ಲಿ ಮಾತ್ರ ಪಕ್ಕಕ್ಕೆ ಸರಿದನು. ಸರಿದುದರಿಂದ ಆದುದೇನೆಂದು ಏಳನೆಯ ಹಾಡನ್ನು ಕೇಳಿದರೆ ತಿಳಿಯುವುದು. ಅಲ್ಲಿ ಗಿಟಾರಿನ ಗುಡುಗಿಲ್ಲ. ಇಗರ್ಜಿಯ ಆರ್ಗನ್ನಿನ ನೀಳವಾದ ನಾದ, ಸೈನ್ಯದ ನಡಿಗೆಯ ನಗಾರಿ, ಅವುಗಳ ಮೇಲೆ ಅವನೊಬ್ಬನ ಮಾತು. ವಿಷಯ ಯುದ್ಧ, ಅದನ್ನು ಹೂಡುವ ಉಳ್ಳವರು, ಅದರಲ್ಲಿ ನರಳುವ ಬಡವರು. ಹಳೆಯ ಸಂಪುಟಗಳಲ್ಲಿ ಅವನ ಮಾತು ಬೆನ್ನಿಂಗ್ಟನ್ನನ ಕೂಗಿಗೆ ಮೆಟ್ಟಲಾಗಿತ್ತು. ಇಲ್ಲಿ ಆ ಮಾತಿಗೆ ಮೇಳವು ಹಿನ್ನೆಲೆಯಾಗಿ ನಿಂತಿತು. ಪ್ರತಿ ಹಾಡಿನಲ್ಲಿಯೂ ಅವನು ಮಾತನಾಡಿದ್ದರೆ ಈ ತೂಕವು ಬರುತ್ತಿರಲಿಲ್ಲವೆಂದು ನನ್ನ ಅಭಿಪ್ರಾಯ. ಮುಂದೆ ತಂಡವು ಹಲವು ದಾರಿಗಳನ್ನು ತುಳಿಯಿತು. 2024ರಲ್ಲಿ ಎಮಿಲಿ ಆರ್ಮ್‌ಸ್ಟ್ರಾಂಗ್ ಎಂಬ ಗಾಯಕಿಯನ್ನು ಕೂಡಿಕೊಂಡು ಹೊರತಂದ ‘ಫ್ರಮ್ ಝೀರೋ’ದಲ್ಲಿ ಶಿನೋಡಾನ ಮಾತು ಮತ್ತೆ ಧಾರಾಳವಾಗಿ ಕೇಳಿಸುತ್ತದೆ.

ಗಾಯಕಿಯನ್ನು ಹುಡುಕಬೇಕಾಗಿ ಬಂದ ಕಾರಣವನ್ನು ಬಲ್ಲವರು ಬಲ್ಲರು. 2017ರ ಜುಲೈ 20ರಂದು ಬೆನ್ನಿಂಗ್ಟನ್ನನು ತನ್ನ ನಲವತ್ತೊಂದನೆಯ ವಯಸ್ಸಿನಲ್ಲಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಮರುದಿನ ಸಂಜೆ ಮಸ್ಕತ್ತಿನಿಂದ ದೂರವಾಣಿಯ ಕರೆ ಬಂದಿತು. ಹಬ್ಬಕ್ಕೊಮ್ಮೆ, ತಾಯಿಯ ಕಾಯಿಲೆಗೊಮ್ಮೆ ಅಲ್ಲದೆ ಕರೆ ಮಾಡದವನು, “ಸುದ್ದಿ ಕೇಳಿದೆಯಾ?” ಎಂದನು. ಕೇಳಿದ್ದೆನೆಂದೆ. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನು, ಊರು ಬಿಡುವಾಗ ಆ ಮೂರನೆಯ ಸಂಪುಟವನ್ನೇ ಪೆಟ್ಟಿಗೆಯಲ್ಲಿಟ್ಟುಕೊಂಡು ಹೋಗಿದ್ದುದನ್ನೂ, ಅಲ್ಲಿ ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದ ರಾತ್ರಿಗಳಲ್ಲಿ ಏಳನೆಯ ಹಾಡನ್ನು ಬಾಯಿಪಾಠ ಮಾಡಿದುದನ್ನೂ ಹೇಳಿದನು. ನಾನು ಕೇಳುವ ಮೊದಲೇ ಅದನ್ನು ಹೇಳತೊಡಗಿದನು. ನಾಲಗೆಯ ಚುರುಕು ಹಾಗೆಯೇ ಇದ್ದಿತು. ಧ್ವನಿ ಮಾತ್ರ ತಂದೆಯವರದಾಗಿದ್ದಿತು. ಮೇಳದವರು ಹಾಡುವ ಸ್ಥಳವು ಬಂದಾಗ ಅವನು ನಿಲ್ಲಿಸಿದನು. ನನಗಾಗಿ ಕಾದಿದ್ದಾನೆಂದು ತಿಳಿಯಲು ನನಗೆ ಒಂದು ಕ್ಷಣ ಹಿಡಿಯಿತು. ನಾನು ಎತ್ತಿಕೊಂಡೆ.